ಬೋರ್‌ವೆಲ್ ಊರಿನಲ್ಲಿ ಕಡಲು ಸಾಕುವವರಿಗೆ

ಈ ಸಲ ಆರಿಸಿಕೊಂಡ ಆರೂ ಪತ್ರಗಳು ಬೆಂಗಳೂರಿನ ಉತ್ತರ ಭಾಗದವು, ಆರೂ ಉಪ್ಪುನೀರಿನ ಅಕ್ವೇರಿಯಂ ಕುರಿತವು. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಊರು ನಮ್ಮದು. ಕಡಲು ನೂರಾರು ಕಿಲೋಮೀಟರ್ ದೂರ. ಇಲ್ಲಿ ರೀಫ್ ಟ್ಯಾಂಕ್ (ಹವಳ ಸಾಕುವ ತೊಟ್ಟಿ) ಇಡುವವರು ಮೀನು ಸಾಕುವುದಕ್ಕಿಂತ ಮೊದಲು ನೀರು ಸಾಕುವುದನ್ನು ಕಲಿಯಬೇಕು.

ಪ್ರಶ್ನೆ: ಸರ್, ನಮಗೆ ಬೋರ್‌ವೆಲ್ ನೀರೇ ಗತಿ. ಟಿಡಿಎಸ್ ಮೀಟರ್ 900 ತೋರಿಸುತ್ತದೆ. ಹವಳಕ್ಕೆ ಕ್ಯಾಲ್ಸಿಯಂ ಬೇಕು ಅನ್ನುತ್ತಾರೆ, ಹಾಗಾದರೆ ನಮ್ಮ ಗಡಸು ನೀರು ಒಳ್ಳೆಯದೇ ಅಲ್ಲವೇ? ಆದರೂ ಆರು ತಿಂಗಳಿಂದ ಕಲ್ಲಿನ ಮೇಲೆ ಕಂದು ಪಾಚಿ ಹೋಗುತ್ತಲೇ ಇಲ್ಲ.
– ಓದುಗರು, ಯಲಹಂಕ ನ್ಯೂ ಟೌನ್

ಉತ್ತರ: ಕ್ಯಾಲ್ಸಿಯಂ ಬೇಕು ಎಂಬ ಮಾತು ನಿಜ. ಆದರೆ ಅದು ಬೋರ್‌ವೆಲ್‌ನಿಂದ ಬರಬೇಕಾಗಿಲ್ಲ. ಒಳ್ಳೆಯ ಮರೈನ್ ಸಾಲ್ಟ್ ಪುಡಿಯಲ್ಲಿ ಬೇಕಾದಷ್ಟು ಕ್ಯಾಲ್ಸಿಯಂ, ಮೆಗ್ನೀಸಿಯಂ ಆಗಲೇ ಇರುತ್ತದೆ. ಗಡಸು ನೀರಿನಲ್ಲಿ ಅದನ್ನು ಕದಡಿದರೆ ಲೆಕ್ಕವೆಲ್ಲ ತಪ್ಪುತ್ತದೆ. ಅದರ ಜೊತೆಗೆ ನೈಟ್ರೇಟ್, ಫಾಸ್ಫೇಟ್, ಸಿಲಿಕಾ ಕರೆಯದೆ ಬರುವ ನೆಂಟರು. ನಿಮ್ಮ ಕಂದು ಪಾಚಿ ಸಿಲಿಕಾ ತಿಂದು ಬೆಳೆಯುವ ಡಯಾಟಮ್ ಇರಬೇಕು. ಹೊಸ ಟ್ಯಾಂಕಿನಲ್ಲಿ ಅದು ಕೆಲವು ವಾರ ಕಾಣಿಸಿಕೊಂಡು ತಾನಾಗಿ ಹೋಗುತ್ತದೆ. ಆರು ತಿಂಗಳು ನಿಂತಿದೆ ಎಂದರೆ ಅದಕ್ಕೆ ಊಟ ಬಡಿಸುತ್ತಿರುವುದು ನಿಮ್ಮ ಕೊಳಾಯಿಯೇ.

ಟಿಡಿಎಸ್ 900 ಇರುವ ನೀರು, ಬೇರೆ ನೀರಿಲ್ಲದ ಕಡೆ, ಭಾರತೀಯ ಮಾನಕದ ಪ್ರಕಾರ ಮನುಷ್ಯರು ಕುಡಿಯಲು ನಡೆದೀತು. ಹವಳಕ್ಕೆ ನಡೆಯದು. ಅಡುಗೆಮನೆಯ ಆರ್‌ಒ ಸಾಲದು. ಅದರ ನಂತರ ಅಯಾನುಗಳನ್ನು ತೆಗೆಯುವ ಡಿಐ ರೆಸಿನ್ ಕಂಬವೂ ಇರುವ ಘಟಕ ಹಾಕಿ. ಹೊರಬರುವ ನೀರು 0 ತೋರಿಸಬೇಕು, 2 ಅಥವಾ 3 ಬಂದರೆ ರೆಸಿನ್ ಬದಲಿಸಿ. ಕಾವೇರಿ ನೀರು ಬರುವ ಮನೆಗಳಲ್ಲಿ ಕ್ಲೋರಿನ್ ತೆಗೆಯುವ ಕಾರ್ಬನ್ ಫಿಲ್ಟರ್ ಕೂಡ ಮುಖ್ಯ.

ಆ ಶುದ್ಧ ನೀರಿಗೆ ಉಪ್ಪು ಕದಡಿ ಲವಣಾಂಶ ಸಾವಿರಕ್ಕೆ 35 ಭಾಗಕ್ಕೆ ತನ್ನಿ. ಕ್ಯಾಲ್ಸಿಯಂ 400ರಿಂದ 450, ಮೆಗ್ನೀಸಿಯಂ 1250ರಿಂದ 1350 ಪಿಪಿಎಂ, ಕೆಎಚ್ (ಕಾರ್ಬೊನೇಟ್ ಗಡಸುತನ) 8ರಿಂದ 9 ಇರಲಿ. ಇವುಗಳಲ್ಲಿ ಕೆಎಚ್ ಬಹಳ ಸೂಕ್ಷ್ಮ. ಅದು 8 ಇದೆಯೋ 9 ಇದೆಯೋ ಎಂಬುದಕ್ಕಿಂತ ದಿನವೂ ಒಂದೇ ಆಗಿರುವುದು ಮುಖ್ಯ.

ಇನ್ನೊಂದು ಮಾತು. ಮಾಮೂಲಿ ಆರ್‌ಒ ಘಟಕ ಒಂದು ಲೀಟರ್ ಶುದ್ಧ ನೀರಿಗೆ ಮೂರು ಲೀಟರಿನಷ್ಟು ಹೊರಚೆಲ್ಲುತ್ತದೆ. 2024ರ ಬೇಸಿಗೆಯಲ್ಲಿ ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಆದೇಶಿಸಿದ ಊರಿದು. ಘಟಕ ಹೊರಚೆಲ್ಲುವ ನೀರನ್ನು ಡ್ರಮ್ಮಿನಲ್ಲಿ ಹಿಡಿದು ನೆಲ ಒರೆಸಲು, ಶೌಚಾಲಯಕ್ಕೆ ಬಳಸಿ. ಸ್ವಂತ ಮನೆಯಾದರೆ ಮಳೆನೀರನ್ನು ನೆನಪಿಸಿಕೊಳ್ಳಿ. 30×40 ಅಡಿ ತಾರಸಿಯ ಮೇಲೆ 10 ಮಿಲಿಮೀಟರ್ ಮಳೆ ಬಿದ್ದರೆ ಸಾವಿರ ಲೀಟರ್. ಮೊದಲ ಹತ್ತು ನಿಮಿಷದ ಕೊಳೆ ಹರಿದುಹೋಗಲು ಬಿಟ್ಟು, ಉಳಿದದ್ದನ್ನು ಸಂಗ್ರಹಿಸಿ ಅದೇ ಘಟಕದಲ್ಲಿ ಸೋಸಿ. ಮಳೆನೀರಿನಲ್ಲಿ ಲವಣ ಕಡಿಮೆಯಾದ್ದರಿಂದ ರೆಸಿನ್ ಬಹುಕಾಲ ಬಾಳುತ್ತದೆ.

ಪ್ರಶ್ನೆ: ಹೆಬ್ಬಾಳದ ಅಪಾರ್ಟ್‌ಮೆಂಟಿನಲ್ಲಿ ಒಂಬತ್ತನೇ ಮಹಡಿ. ಹಾಲ್‌ನಲ್ಲಿ 6×2×2 ಅಡಿಯ ಟ್ಯಾಂಕ್ ಇಡುವ ಆಸೆ. ಮನೆಯವರು ನೆಲ ಕುಸಿದರೆ ಎಂದು ಹೆದರುತ್ತಿದ್ದಾರೆ.
– ಓದುಗರು, ಹೆಬ್ಬಾಳ

ಉತ್ತರ: ಮನೆಯವರ ಹೆದರಿಕೆಗೆ ಬೆಲೆ ಕೊಡಿ. ಲೆಕ್ಕ ಹಾಕೋಣ. 24 ಘನ ಅಡಿ ಎಂದರೆ ಸುಮಾರು 680 ಲೀಟರ್, ಉಪ್ಪುನೀರಿನ ತೂಕದಲ್ಲಿ 700 ಕೆ.ಜಿ. 12 ಮಿಲಿಮೀಟರ್ ಗಾಜು ಸುಮಾರು 120 ಕೆ.ಜಿ. ಕಲ್ಲು, ಮರಳು, ಸ್ಟ್ಯಾಂಡ್, ಟ್ಯಾಂಕಿನ ಕೆಳಗಿಡುವ ಸೋಸುತೊಟ್ಟಿ (ಸಂಪ್) ಎಲ್ಲ ಸೇರಿ 1,100 ಕೆ.ಜಿ. ದಾಟುತ್ತದೆ. ಇಷ್ಟೂ ಭಾರ ಬೀಳುವುದು ಒಂದು ಚದರ ಮೀಟರಿಗಿಂತ ಚೂರು ಹೆಚ್ಚಿನ ಜಾಗದ ಮೇಲೆ. ವಾಸದ ಕೋಣೆಗಳಿಗೆ ನಮ್ಮ ಕಟ್ಟಡ ಮಾನಕ ಹಿಡಿಯುವ ಬಳಕೆಯ ಭಾರ ಚದರ ಮೀಟರಿಗೆ ಸುಮಾರು 200 ಕೆ.ಜಿ.

ಆ ಅಂಕಿ ಇಡೀ ಕೋಣೆಗೆ ಹರಡಿದ ಭಾರದ್ದು. ಹಾಗಾಗಿ ಟ್ಯಾಂಕ್ ಇಟ್ಟೊಡನೆ ನೆಲ ಕುಸಿಯುತ್ತದೆ ಎಂದೇನೂ ಅರ್ಥವಲ್ಲ. ಆದರೆ ಅಂದಾಜಿನ ಮೇಲೆ ಇಡುವ ಭಾರ ಇದಲ್ಲ. ಕಟ್ಟಡದ ನಕ್ಷೆ ತರಿಸಿ ಸ್ಟ್ರಕ್ಚರಲ್ ಎಂಜಿನಿಯರ್‌ಗೆ ತೋರಿಸಿ. ಸಾಮಾನ್ಯವಾಗಿ ಅವರು ಕಂಬದ ಪಕ್ಕದ, ಬೀಮ್ ಹಾದುಹೋದ ಗೋಡೆಯ ಜಾಗ ತೋರಿಸುತ್ತಾರೆ. ಬಾಲ್ಕನಿಯ ಮಾತೇ ಬೇಡ. ಸಂಘದವರಿಂದ ಲಿಖಿತ ಒಪ್ಪಿಗೆ ಪಡೆಯಿರಿ.

ಕೆಳಗಿನ ಮನೆಗೆ ನೀರು ಸುರಿಯುವುದು ಹೆಚ್ಚಾಗಿ ಗಾಜು ಒಡೆದು ಅಲ್ಲ, ಕರೆಂಟ್ ಹೋಗಿ. ಪಂಪ್ ನಿಂತೊಡನೆ ಮೇಲಿನ ನೀರು ಸಂಪ್‌ಗೆ ಇಳಿಯುತ್ತದೆ. ಅಷ್ಟೂ ನೀರು ಹಿಡಿಸುವಷ್ಟು ಖಾಲಿ ಜಾಗ ಅದರಲ್ಲಿ ಇರಬೇಕು. ಮೀನು ಬಿಡುವ ಮೊದಲೇ ಸ್ವಿಚ್ ಆರಿಸಿ ಪರೀಕ್ಷಿಸಿ. ಉಪ್ಪುನೀರಿನ ಪಕ್ಕದಲ್ಲಿ ವಿದ್ಯುತ್ ಇರುವುದರಿಂದ, ಸೋರಿಕೆಯಾದೊಡನೆ ಕರೆಂಟ್ ಕಡಿಯುವ 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ ಇಲ್ಲದೆ ಒಂದು ಪ್ಲಗ್ಗನ್ನೂ ಹಾಕಬೇಡಿ.

ಪ್ರಶ್ನೆ: ಏಪ್ರಿಲ್‌ನಲ್ಲಿ ಊರಿಗೆ ಹೋಗಿದ್ದೆವು. ಮಧ್ಯಾಹ್ನ ಗಂಟೆಗಟ್ಟಲೆ ಕರೆಂಟ್ ಇರಲಿಲ್ಲವಂತೆ. ವಾಪಸು ಬಂದಾಗ ನಾಲ್ಕು ಮೀನು ಸತ್ತಿದ್ದವು. ಮೆತ್ತನೆಯ ಹವಳ ಬಿಳಿಚಿಕೊಂಡಿದೆ. ಎಸೆದುಬಿಡಲೇ?
– ಓದುಗರು, ಯಶವಂತಪುರ

ಉತ್ತರ: ಎಸೆಯಬೇಡಿ. ಬಿಳಿಚಿದ ಹವಳ ಇನ್ನೂ ಸತ್ತಿಲ್ಲ, ಹಸಿದಿದೆ. ಹವಳದ ಮೈಯೊಳಗೆ ಕಣ್ಣಿಗೆ ಕಾಣದ ಪಾಚಿ ವಾಸಿಸುತ್ತದೆ. ಬಿಸಿಲಿನಿಂದ ಆಹಾರ ಮಾಡಿ ಹವಳಕ್ಕೂ ಉಣಿಸುವುದು, ಅದಕ್ಕೆ ಬಣ್ಣ ಕೊಡುವುದು ಅದೇ. ನೀರು ಕಾದಾಗ ಹವಳ ಅದನ್ನು ಹೊರಹಾಕುತ್ತದೆ. ಲಕ್ಷದ್ವೀಪದಲ್ಲಿ 1998, 2010 ಮತ್ತು 2016ರಲ್ಲಿ ಕಡಲು ಕಾದು ಹವಳ ದಿಬ್ಬಗಳು ಬೆಳ್ಳಗಾದದ್ದೂ ಹೀಗೆಯೇ. ನೀರು 25ರಿಂದ 27 ಡಿಗ್ರಿಗೆ ಇಳಿಯಲಿ, ಆದರೆ ಒಮ್ಮೆಲೇ ಬೇಡ. ಬೆಳಕು ಅರ್ಧಕ್ಕೆ ಇಳಿಸಿ, ಹರಿವು ಇರಲಿ, ವಾರಗಟ್ಟಲೆ ತಾಳ್ಮೆಯಿಂದ ಕಾಯಿರಿ. ಮೈ ಕರಗಿ ವಾಸನೆ ಬಂದರೆ ಮಾತ್ರ ತೆಗೆಯಿರಿ.

ಬೆಂಗಳೂರು ತಂಪು ಊರು ಎಂಬ ನಂಬಿಕೆಯಲ್ಲಿ ನೀರು ತಂಪಾಗಿಸುವ ಚಿಲ್ಲರ್ ಕೊಳ್ಳದವರು ಅನೇಕರು. 2016ರ ಏಪ್ರಿಲ್ 25ರಂದು ಇಲ್ಲಿ 39.2 ಡಿಗ್ರಿ ದಾಖಲಾಗಿತ್ತು. ಸಣ್ಣ ಟ್ಯಾಂಕಿಗೆ ನೀರಿನ ಮೇಲೆ ಗಾಳಿ ಬೀಸುವ ಫ್ಯಾನ್ ಸಾಕಾಗಬಹುದು. ನಮ್ಮ ಬೇಸಿಗೆಯ ಒಣಗಾಳಿಯಲ್ಲಿ ಅದು ಎರಡು ಮೂರು ಡಿಗ್ರಿ ಇಳಿಸುತ್ತದೆ. ಆದರೆ ನೀರು ಆವಿಯಾಗುತ್ತದೆ, ಉಪ್ಪು ಉಳಿಯುತ್ತದೆ. ಕಡಿಮೆಯಾದಷ್ಟನ್ನು ಶುದ್ಧ ಸಿಹಿನೀರಿನಿಂದಲೇ ತುಂಬಬೇಕು, ಉಪ್ಪುನೀರಿನಿಂದ ಅಲ್ಲ. ದೊಡ್ಡ ಟ್ಯಾಂಕಿಗೆ ಚಿಲ್ಲರ್ ಬೇಕೇ ಬೇಕು.

ಕರೆಂಟ್ ಹೋದಾಗ ಮೀನು ಮೊದಲು ಸಾಯುವುದು ಉಸಿರುಕಟ್ಟಿ. ಬಿಸಿನೀರಿನಲ್ಲಿ ಆಮ್ಲಜನಕ ಕಡಿಮೆ ಕರಗುತ್ತದೆ, ಪಂಪ್ ನಿಂತರೆ ಹೊಸದು ಸೇರುವುದೂ ಇಲ್ಲ. ಮನೆಯ ಯುಪಿಎಸ್‌ಗೆ ದೀಪ, ಚಿಲ್ಲರ್ ಬೇಡ, ನೀರು ಕದಡುವ ಒಂದು ಪಂಪ್ ಮಾತ್ರ ಜೋಡಿಸಿ. ಜೊತೆಗೆ ಬ್ಯಾಟರಿ ಏರ್ ಪಂಪ್ ಇರಲಿ. ಊರಿಗೆ ಹೋಗುವಾಗ ಪಕ್ಕದ ಮನೆಯವರಿಗೆ ಅದರ ಸ್ವಿಚ್ ತೋರಿಸಿ ಹೋಗಿ.

ಪ್ರಶ್ನೆ: ಹದಿನೈದು ದಿನಕ್ಕೊಮ್ಮೆ ನಮ್ಮ ಯಜಮಾನರು ಎಂಬತ್ತು ಲೀಟರ್ ಉಪ್ಪುನೀರು ತೆಗೆದು ತೆಂಗಿನಮರದ ಬುಡಕ್ಕೆ ಸುರಿಯುತ್ತಾರೆ. ತೆಂಗಿಗೆ ಉಪ್ಪು ಒಳ್ಳೆಯದಂತೆ. ಹಳೆಯ ಕಲ್ಲುಗಳನ್ನು ಕುದಿಸಿ ಕೊಡು ಎಂದೂ ಹೇಳುತ್ತಾರೆ. ಕುದಿಸಬಹುದೇ?
– ಗೃಹಿಣಿ, ಸಹಕಾರನಗರ

ಉತ್ತರ: ಅಮ್ಮಾ, ಮೊದಲು ಎರಡನೆಯ ಪ್ರಶ್ನೆ. ಖಂಡಿತ ಕುದಿಸಬೇಡಿ. ಜೊವಾಂಥಿಡ್ ಎಂಬ ಗುಂಡಿಯಂಥ ಜೀವಿಗಳು ಕಲ್ಲಿನ ಮೇಲಿದ್ದರೆ ಅವುಗಳಲ್ಲಿ ಪ್ಯಾಲಿಟಾಕ್ಸಿನ್ ಎಂಬ ಘೋರ ವಿಷ ಇರಬಹುದು. ಕುದಿಸಿದ ಆವಿಯನ್ನು ಉಸಿರಾಡಿದ ಇಡೀ ಕುಟುಂಬಗಳು ಆಸ್ಪತ್ರೆ ಸೇರಿದ ಪ್ರಕರಣಗಳು ಹೊರದೇಶಗಳಲ್ಲಿ ನಡೆದಿವೆ. ಕಲ್ಲು ಉಜ್ಜುವಾಗ ಕೈಗವಸು, ಕನ್ನಡಕ ಇರಲಿ. ಬಿಸಿನೀರು ಬೇಡ. ಅಡುಗೆಮನೆಯ ಪಾತ್ರೆ ಅಂತೂ ಬೇಡವೇ ಬೇಡ.

ಇನ್ನು ತೆಂಗು. ಅದು ಉಪ್ಪನ್ನು ಸ್ವಲ್ಪ ತಾಳುವ ಮರ ನಿಜ. ಆದರೆ 80 ಲೀಟರಿನಲ್ಲಿ 2.8 ಕೆ.ಜಿ.ಯಷ್ಟು ಉಪ್ಪಿರುತ್ತದೆ. ವರ್ಷಕ್ಕೆ 26 ಸಲ ಸುರಿದರೆ 70 ಕೆ.ಜಿ. ದಾಟುತ್ತದೆ. ತೀರದ ಮಣ್ಣನ್ನು ಮಳೆ ತೊಳೆಯುತ್ತದೆ, ನಿಮ್ಮ ಅಂಗಳದ ಕೆಂಪು ಮಣ್ಣಿನಲ್ಲಿ ಅದು ಕೂರುತ್ತದೆ. ಮಳೆನೀರು ಇಂಗುಗುಂಡಿಗೆ ಸುರಿಯುವುದು ಇನ್ನೂ ದೊಡ್ಡ ತಪ್ಪು, ಅದು ನೆರೆಹೊರೆಯ ಬೋರ್‌ವೆಲ್‌ಗೇ ಸೇರೀತು. ಚರಂಡಿಯ ಮೂಲಕ ಕೆರೆಗೆ ಹೋಗುವ ಜಾಗವೂ ಬೇಡ. ಬಚ್ಚಲಿನಿಂದ ಒಳಚರಂಡಿಗೆ, ಸ್ವಲ್ಪ ಸ್ವಲ್ಪವಾಗಿ, ಬಟ್ಟೆ ಒಗೆದ ನೀರಿನ ಜೊತೆ ಬಿಡಿ.

ಪ್ರಶ್ನೆ: ಒಬ್ಬರು ರಾಮೇಶ್ವರದ ಕಡೆಯಿಂದ ಜೀವಂತ ಕಲ್ಲು, ಗಟ್ಟಿ ಹವಳ ತರಿಸಿಕೊಡುತ್ತೇನೆ ಎನ್ನುತ್ತಾರೆ. ಬಿಲ್ ಇಲ್ಲವಂತೆ. ಚಿನ್ನದಂಗಡಿಯಲ್ಲಿ ಹವಳದುಂಗುರ ರಾಜಾರೋಷವಾಗಿ ಮಾರುತ್ತಾರಲ್ಲ, ಸಾಕಿದರೆ ತಪ್ಪೇನು?
– ಓದುಗರು, ಆರ್.ಟಿ. ನಗರ

ಉತ್ತರ: ತಪ್ಪು, ಜೈಲಿಗೆ ಹೋಗುವಷ್ಟು ದೊಡ್ಡದು. ಉಂಗುರದ ಕೆಂಪು ಹವಳ ಮೆಡಿಟರೇನಿಯನ್ ಕಡಲಿನಿಂದ ಹಿಂದಿನಿಂದಲೂ ಬರುತ್ತಿದ್ದ ಬೇರೆಯದೇ ಜಾತಿ. ದಿಬ್ಬ ಕಟ್ಟುವ ಗಟ್ಟಿ ಹವಳಗಳನ್ನೆಲ್ಲ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಗೆ 2001ರಲ್ಲಿ ಸೇರಿಸಲಾಯಿತು. ಕಪ್ಪು ಹವಳ, ಬೆಂಕಿ ಹವಳ, ಆರ್ಗನ್ ಪೈಪ್ ಹವಳ, ಬೀಸಣಿಗೆಯಂಥ ಸೀ ಫ್ಯಾನ್‌ಗಳು ಕೂಡ ಅದರಲ್ಲಿವೆ. ಕಡಲಕುದುರೆಯೂ ಹಾಗೆಯೇ. ಹುಲಿ, ಆನೆಗಳಿರುವ ಪಟ್ಟಿ ಅದು. ಶಿಕ್ಷೆ 3ರಿಂದ 7 ವರ್ಷ ಸೆರೆವಾಸ. ಸತ್ತ ಹವಳದ ತುಂಡಾದರೂ ಕಾನೂನಿಗೆ ಅಷ್ಟೇ.

ಆಮದು ಹವಳ ಎಂದರೂ ಸುಲಭವಲ್ಲ. ಗಟ್ಟಿ ಹವಳಗಳು, ಟ್ರೈಡಾಕ್ನಾ ಚಿಪ್ಪುಗಳು ವನ್ಯಜೀವಿ ವ್ಯಾಪಾರ ನಿಯಂತ್ರಿಸುವ ಅಂತರರಾಷ್ಟ್ರೀಯ ಸೈಟಿಸ್ ಒಪ್ಪಂದದ ಪಟ್ಟಿಯಲ್ಲಿವೆ. 2023ರ ಏಪ್ರಿಲ್ 1ರಿಂದ ಜಾರಿಯಾದ ವನ್ಯಜೀವಿ ಕಾಯ್ದೆಯ ತಿದ್ದುಪಡಿಯ ಪ್ರಕಾರ ಸೈಟಿಸ್ ಪಟ್ಟಿಯ ಜೀವಿಗಳನ್ನು ಇಟ್ಟುಕೊಂಡವರು ಸರ್ಕಾರದಲ್ಲಿ ನೋಂದಾಯಿಸಬೇಕು. ಹಣ ಕೊಡುವ ಮೊದಲು ಪರವಾನಗಿ ಕೇಳಿ. ಅನುಮಾನ ಬಂದರೆ ಮಲ್ಲೇಶ್ವರದ ಅರಣ್ಯ ಭವನದಲ್ಲಿ ವಿಚಾರಿಸಿ. ಮಾರುವವರ ಬಾಯಿಮಾತು ಸಾಲದು.

ಕಾನೂನನ್ನು ಬದಿಗಿಟ್ಟು ನೋಡಿ. ರಾಮೇಶ್ವರದ ಕಡೆಯ ಕಡಲು ಎಂದರೆ ಮನ್ನಾರ್ ಕೊಲ್ಲಿ. ಅಲ್ಲಿನ 21 ದ್ವೀಪಗಳ ಸುತ್ತಲಿನ ಹವಳಕ್ಕಾಗಿಯೇ 1986ರಲ್ಲಿ ಸಾಗರ ರಾಷ್ಟ್ರೀಯ ಉದ್ಯಾನ ಮಾಡಿದರು. ಗುಂಡುಗಲ್ಲಿನಂಥ ಹವಳ ವರ್ಷಕ್ಕೆ ಬೆಳೆಯುವುದು ಒಂದು ಸೆಂಟಿಮೀಟರಿನ ಆಸುಪಾಸು. ನಿಮ್ಮ ಬೊಗಸೆಯಷ್ಟು ಹವಳ ಶಾಲೆಗೆ ಹೋಗುವ ಮಗುವಿನ ವಯಸ್ಸಿನದಾಗಿರಬಹುದು. ಸಿಮೆಂಟು, ಸೆರಾಮಿಕ್‌ನಿಂದ ಮಾಡಿದ ಒಣ ಕಲ್ಲು ಸಿಗುತ್ತದೆ. ಅದರ ಮೇಲೆ ಬ್ಯಾಕ್ಟೀರಿಯಾ ನೆಲೆಗೊಂಡು ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಗೆ ಇಳಿಯಲು ನಾಲ್ಕರಿಂದ ಆರು ವಾರ ಬೇಕು. ಕಾದರೆ ಅದೂ ಜೀವಂತ ಕಲ್ಲೇ ಆಗುತ್ತದೆ.

ಪ್ರಶ್ನೆ: ಅಂಕಲ್, ನಾನು ಒಂಬತ್ತನೇ ಕ್ಲಾಸ್. ನನಗೆ ನೆಮೋ ಮೀನು ಸಾಕುವ ಆಸೆ. ಅಜ್ಜಿ ಮನೆ ಮಂಗಳೂರಿನಲ್ಲಿದೆ. ರಜೆಯಲ್ಲಿ ಅಲ್ಲಿಂದ ಕ್ಯಾನಿನಲ್ಲಿ ಸಮುದ್ರದ ನೀರು ತರಬಹುದಾ?
– ವಿದ್ಯಾರ್ಥಿನಿ, ವಿದ್ಯಾರಣ್ಯಪುರ

ಉತ್ತರ: ಪುಟ್ಟೀ, ತರುವುದು ಬೇಡ. ಮಂಗಳೂರಿನ ಅಳಿವೆಯಲ್ಲಿ ನೇತ್ರಾವತಿ, ಗುರುಪುರ ನದಿಗಳು ಕಡಲು ಸೇರುತ್ತವೆ. ಮಳೆಗಾಲದಲ್ಲಿ ದಡದ ನೀರಿನ ಉಪ್ಪು ಇಳಿದು ಕೆಸರು ಏರುತ್ತದೆ. ಉಪ್ಪಿನ ಪುಡಿಯಿಂದ ನೀನೇ ನೀರು ತಯಾರಿಸುವುದನ್ನು ಕಲಿ. ಅದಕ್ಕೂ ಮೊದಲು ಒಂದು ವರ್ಷ ಸಿಹಿನೀರಿನ ಟ್ಯಾಂಕ್ ನೋಡಿಕೋ, ವಾರವಾರ ನೀರು ಪರೀಕ್ಷಿಸಿ ಪುಸ್ತಕದಲ್ಲಿ ಬರೆದಿಡು.

ನೆಮೋ ಅಂದರೆ ಕ್ಲೌನ್ ಮೀನು. ಅದಕ್ಕೆ ಅನಿಮೋನ್ ಇರಲೇಬೇಕೆಂದಿಲ್ಲ, ಹವಳವೂ ಬೇಕಿಲ್ಲ. ನೂರು ಲೀಟರ್ ಟ್ಯಾಂಕಿನಲ್ಲಿ ಒಂದು ಜೋಡಿ ಸುಖವಾಗಿರುತ್ತದೆ. ಇವೆಲ್ಲ ಗಂಡಾಗಿಯೇ ಬೆಳೆಯುತ್ತವೆ, ಗುಂಪಿನಲ್ಲಿ ದೊಡ್ಡದು ಹೆಣ್ಣಾಗುತ್ತದೆ. ನಮ್ಮ ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಮಂಡಪಂ, ವಿಳಿಂಜಂ ಕೇಂದ್ರಗಳಲ್ಲಿ ಇವುಗಳ ಮರಿ ಮಾಡಿಸುವ ವಿಧಾನ ರೂಪಿಸಿದ್ದಾರೆ. ಅಂಗಡಿಯಲ್ಲಿ ಮೀನು ಕೊಳ್ಳುವಾಗ ಕೇಳು: ಇದು ಕಡಲಲ್ಲಿ ಹಿಡಿದದ್ದೋ, ತೊಟ್ಟಿಯಲ್ಲಿ ಹುಟ್ಟಿದ್ದೋ? ತೊಟ್ಟಿಯಲ್ಲಿ ಹುಟ್ಟಿದ ಮೀನು ನಮ್ಮ ನೀರಿಗೆ, ನಾವು ಹಾಕುವ ಆಹಾರಕ್ಕೆ ಬೇಗ ಒಗ್ಗುತ್ತದೆ.

ಹವಳ ನೋಡುವ ಆಸೆಯಾದರೆ ದೊಡ್ಡವಳಾದ ಮೇಲೆ ಮುರ್ಡೇಶ್ವರಕ್ಕೆ ಹೋಗು. ಅದರ ಎದುರಿನ ಕಡಲಿನಲ್ಲಿ ನೇತ್ರಾಣಿ ದ್ವೀಪವಿದೆ. ಅಲ್ಲಿ ನೀರಿಗಿಳಿದು ಕರ್ನಾಟಕದ್ದೇ ಹವಳವನ್ನು ಕಣ್ಣಾರೆ ನೋಡಬಹುದು.

ಪತ್ರ ಬರೆದ ಹಿರಿಯರಿಗೂ ಇದನ್ನೇ ಹೇಳುತ್ತೇನೆ. ನೀರು ಸರಿಮಾಡಿ, ಕಾಯಿರಿ, ಆಮೇಲೆ ಜೀವ ತನ್ನಿ. ಕಡಲಿನಿಂದ ಕಿತ್ತದ್ದನ್ನು ಮಾತ್ರ ಯಾರು ಎಷ್ಟು ಅಗ್ಗಕ್ಕೆ ಕೊಟ್ಟರೂ ಮನೆಗೆ ತರಬೇಡಿ.