ಬೆತ್ತವೂ ವಾಕ್ಯವೂ: ಮಗುವಿನ ಗಾಯಕ್ಕೆ ಉತ್ತರವಾದಿ ಯಾರು?

ಪಾಠಭಾಗ: ಎಫೆಸದವರಿಗೆ 6:1–4, ಜ್ಞಾನೋಕ್ತಿಗಳು 13:24, ಯೆಹೆಜ್ಕೇಲ 18:1–20, ಮತ್ತಾಯ 18:1–6



ಮೂಡಿಗೆರೆ ಸೀಮೆಯ ಒಂದು ಕಾಫಿ ತೋಟದ ಲೈನುಮನೆಯಲ್ಲಿ ಕೆಲವು ವರುಷಗಳ ಹಿಂದೆ ನಾನು ಕಂಡ ಸಂಗತಿಯಿಂದ ಈ ಪಾಠವನ್ನು ಆರಂಭಿಸುತ್ತೇನೆ. ಮಳೆಗಾಲದ ಒಂದು ಸಾಯಂಕಾಲ ಮನೆಭೇಟಿಗಾಗಿ ಹೋದಾಗ ಹತ್ತು ವರುಷದ ಹುಡುಗನೊಬ್ಬನು ಒಲೆಯ ಪಕ್ಕದಲ್ಲಿ ಗೋಡೆಗೆ ಮುಖಮಾಡಿ ನಿಂತಿದ್ದನು. ಕುಟುಂಬ ಪ್ರಾರ್ಥನೆಯಲ್ಲಿ ಬಾಯಿಪಾಠದ ವಾಕ್ಯವನ್ನು ತಪ್ಪಿ ಹೇಳಿದ್ದಕ್ಕಾಗಿ ತಂದೆಯು ಅವನನ್ನು ಕಾಫಿ ಗಿಡದ ಬರಲಿನಿಂದ ಹೊಡೆದಿದ್ದನು. ಕಾಲುಗಳಲ್ಲಿ ಬಾಸುಂಡೆಗಳೆದ್ದಿದ್ದವು, ಒಂದೆರಡು ಕಡೆ ಚರ್ಮವೊಡೆದು ರಕ್ತ ಒಸರಿತ್ತು. ಆ ತಂದೆಯು ಕುಡುಕನಲ್ಲ, ಜಗಳಗಂಟನೂ ಅಲ್ಲ. ಭಾನುವಾರದ ಆರಾಧನೆಗೆ ಎಲ್ಲರಿಗಿಂತ ಮೊದಲು ಬಂದು ಚಾಪೆ ಹಾಸುವವನು. "ಇದೇನು ಮಾಡಿದಿರಿ?" ಎಂದು ನಾನು ಕೇಳಲು ಅವನು ಕೋಪವಿಲ್ಲದೆ, "ಉಪದೇಶಿಗಳೇ, ಹೋದ ತಿಂಗಳು ಬೆತ್ತದ ವಾಕ್ಯವನ್ನು ಓದಿ ಬೋಧಿಸಿದವರು ನೀವೇ ಅಲ್ಲವೋ?" ಅಂದನು.

ನನ್ನ ಬಾಯಿ ಕಟ್ಟಿತು. ಅವರು ಕೊಟ್ಟ ಕಾಫಿಯನ್ನು ಕುಡಿದು, ಪ್ರಾರ್ಥನೆ ಮಾಡಿ, ಹುಡುಗನ ತಲೆಯ ಮೇಲೆ ಕೈಯಿಟ್ಟು, "ಇನ್ನು ಮುಂದೆ ಅಪ್ಪನ ಮಾತು ಕೇಳು ಮಗೂ" ಎಂದು ಬುದ್ಧಿಹೇಳಿ ಹೊರಟುಬಂದೆನು. ಈ ಕಡೆಯ ಮಾತೇ ಇಂದಿಗೂ ನನ್ನ ಮನಸ್ಸನ್ನು ಚುಚ್ಚುತ್ತದೆ. ಏನಂದರೆ, ಗಾಯ ತಿಂದವನ ಮೇಲೆಯೇ ನಾನು ತಪ್ಪನ್ನು ಹೊರಿಸಿದೆನು.

ತಪ್ಪು ಯಾರದು? ಹೊಡೆದ ತಂದೆಯದೋ, ಓದಿದ ವಾಕ್ಯದ್ದೋ, ಬೋಧಿಸಿದ ನನ್ನದೋ, ಬಾಯಿಪಾಠ ಬಾರದ ಹುಡುಗನದೋ? ಇದನ್ನು ನಾವು ಕ್ರಮವಾಗಿ ವಿಚಾರಿಸೋಣ.

1. ವಾಕ್ಯವು ನಿಜವಾಗಿ ಏನನ್ನು ಬೋಧಿಸುತ್ತದೆ?

ಜ್ಞಾನೋಕ್ತಿಗಳಲ್ಲಿ ಬೆತ್ತವೆಂದು ನಾವು ಓದುವ ಸ್ಥಳದಲ್ಲಿ ಇಬ್ರಿಯ ಭಾಷೆಯಲ್ಲಿರುವ ಪದವು ಶೇಬೆಟ್ ಎಂಬದು. ಇಪ್ಪತ್ತಮೂರನೆಯ ಕೀರ್ತನೆಯಲ್ಲಿ ಕುರುಬನ ಕೈಯಲ್ಲಿರುವ ದೊಣ್ಣೆಗೂ ಇದೇ ಪದವುಂಟು. ಆ ದೊಣ್ಣೆಯನ್ನು ನೋಡಿ ಕುರಿಯು ಧೈರ್ಯ ತಾಳುತ್ತದೆಯೇ ಹೊರತು ನಡುಗುವದಿಲ್ಲ. ಯಾಕಂದರೆ ಅದು ತೋಳದ ಕಡೆಗೆ ತಿರುಗಿದ ದೊಣ್ಣೆ.

ಆದರೂ ಜ್ಞಾನೋಕ್ತಿಗಳಲ್ಲಿ ಹೊಡೆತದ ಮಾತೇ ಇಲ್ಲವೆಂದು ನಾನು ಹೇಳಲಾರೆನು. ಅದು ಆ ಕಾಲದ ಹಿರಿಯರ ಬುದ್ಧಿಮಾತಿನಲ್ಲಿ ಇದೆ. ಹಾಗೆಯೇ ಧರ್ಮೋಪದೇಶಕಾಂಡ 21ರಲ್ಲಿ ಮೊಂಡನಾದ ಮಗನನ್ನು ಊರ ಬಾಗಲಿಗೆ ತಂದು ಕಲ್ಲೆಸೆಯಬೇಕೆಂಬ ವಿಧಿಯೂ ಇದೆ. ಅದನ್ನು ಇಂದು ನಮ್ಮಲ್ಲಿ ಯಾರು ನಡಿಸುತ್ತಾರೆ? ಕಲ್ಲನ್ನು ಕೆಳಗಿಟ್ಟವರು ಬೆತ್ತವನ್ನು ಮಾತ್ರ ಯಾಕೆ ಬಿಗಿಯಾಗಿ ಹಿಡಿದಿದ್ದೇವೆ? ಕಲ್ಲು ನಮಗೆ ಬೇಡವಾಗಿತ್ತು, ಬೆತ್ತವು ನಮ್ಮ ಕೋಪಕ್ಕೆ ಬೇಕಾಗಿತ್ತು ಎಂಬದಲ್ಲವೇ ಸತ್ಯ?

ಪೌಲನು ಎಫೆಸದ ತಂದೆಗಳಿಗೆ ಬರೆದ ಕಾಲವನ್ನೂ ನೆನಪಿಗೆ ತರಬೇಕು. ರೋಮಾಪುರದ ಧರ್ಮಶಾಸ್ತ್ರದಲ್ಲಿ ಮನೆಯ ಯಜಮಾನನಿಗೆ ತನ್ನ ಮಕ್ಕಳ ಪ್ರಾಣದ ಮೇಲೆಯೂ ಅಧಿಕಾರವಿತ್ತು. ಅಂಥಾ ರಾಜ್ಯದಲ್ಲಿ ವಾಸಿಸುವ ತಂದೆಗಳಿಗೇ ಅಪೊಸ್ತಲನು, ಮಕ್ಕಳನ್ನು ಕೆಣಕಿ ಕೋಪವೆಬ್ಬಿಸಬಾರದೆಂದೂ, ಅವರ ಮನಸ್ಸು ಕುಂದುವಂತೆ ಮಾಡಬಾರದೆಂದೂ ಕಟ್ಟಳೆ ಹಾಕಿದನು. ನಾವಾದರೋ ಮಕ್ಕಳಿಗೆ ಹೇಳಿದ ವಚನವನ್ನು ಗಟ್ಟಿಯಾಗಿ ಓದಿ, ತಂದೆಗಳಿಗೆ ಹೇಳಿದ ವಚನ ಬಂದಾಗ ಪುಸ್ತಕ ಮುಚ್ಚುತ್ತೇವೆ. ನಾನು ಆ ತಿಂಗಳು ಮಾಡಿದ್ದು ಇದನ್ನೇ.

2. ಮಂಗಳೂರಿನಿಂದ ಹಿಂದಿರುಗಿದ ಒಬ್ಬ ಸೇವಕನ ಮನೆ

ಕಠಿನತೆಯು ಕಠಿನ ಹೃದಯದವರಲ್ಲಿ ಮಾತ್ರ ಇರುವದೆಂದು ನಾವು ತಿಳಿಯಬಾರದು. ಇದಕ್ಕೆ ದೃಷ್ಟಾಂತವು ನಮ್ಮ ಚಾರ್ಮಾಡಿ ಘಟ್ಟದ ಕೆಳಗೆಯೇ ಆರಂಭವಾಗುತ್ತದೆ.

ಬಾಸೆಲ್ ಮಿಶನಿನವರು 1834ರಲ್ಲಿ ಮಂಗಳೂರಿಗೆ ಬಂದರಷ್ಟೆ. ಆ ಮಿಶನಿನ ಸೇವಕರಲ್ಲಿ ಯೋಹಾನ್ನೆಸ್ ಹೆಸ್ಸೆ ಎಂಬವರು 1869ರಲ್ಲಿ ಈ ಕರಾವಳಿಗೆ ಬಂದು ಮಂಗಳೂರಿನಲ್ಲಿ ಕೆಲಸಮಾಡಿ, ದೇಹಸ್ಥಿತಿ ಕೆಟ್ಟದ್ದರಿಂದ 1873ರಲ್ಲಿ ಯೂರೋಪಿಗೆ ಹಿಂದಿರುಗಿದರು. ಮರುವರುಷ ಅವರ ಹೆಂಡತಿಯಾದ ಮರಿಯೆ ಎಂಬವರು, ಮಲಯಾಳ ಭಾಷೆಯ ನಿಘಂಟನ್ನು ಬರೆದ ಹೆರ್ಮನ್ ಗುಂಡರ್ಟರ ಮಗಳು. 1842ರಲ್ಲಿ ತಲಶ್ಶೇರಿಯಲ್ಲಿ ಹುಟ್ಟಿದವರು. ಆ ಶತಮಾನದ ಮಿಶನರಿಗಳ ವಾಡಿಕೆಯಂತೆ ಗುಂಡರ್ಟರು ತಮ್ಮ ಎಳೆಯ ಮಗಳನ್ನು ಯೂರೋಪಿನಲ್ಲಿ ಬಿಟ್ಟು ಸೇವೆಗೆ ಹಿಂದಿರುಗಿದರು. ಆಕೆಯು ತಿರಿಗಿ ಹೆತ್ತವರ ಬಳಿಗೆ ಬಂದದ್ದು 1857ರಲ್ಲಿ, ಹದಿಹರೆಯದವಳಾದ ಮೇಲೆ.

ಯೋಹಾನ್ನೆಸ್ ಮತ್ತು ಮರಿಯೆಯವರಿಗೆ 1877ರಲ್ಲಿ ಹೆರ್ಮನ್ ಎಂಬ ಮಗನು ಹುಟ್ಟಿದನು. ಅವನು ಬುದ್ಧಿಶಾಲಿ, ಆದರೆ ಹಟಮಾರಿ. ಆ ಕಾಲದ ಜರ್ಮನ್ ಭಕ್ತರ ಮನೆಗಳಲ್ಲಿ ಮಗುವಿನ ಸ್ವಂತ ಚಿತ್ತವನ್ನು ಮುರಿಯುವದೇ ಹೆತ್ತವರ ಧರ್ಮವೆಂಬ ಬೋಧನೆಯಿತ್ತು. ಅವನು ಆರೇಳು ವರುಷದವನಾಗಿದ್ದಾಗ, ಹೆತ್ತವರು ಬಾಸೆಲ್ ಪಟ್ಟಣದಲ್ಲಿಯೇ ವಾಸವಾಗಿದ್ದರೂ, ಅವನನ್ನು ಮಿಶನಿನ ಹುಡುಗರ ಮನೆಯಲ್ಲಿ ಇರಿಸಿದರು. 1891ರಲ್ಲಿ ಮೌಲ್‌ಬ್ರೋನಿನ ಸೆಮಿನೆರಿಗೆ ಸೇರಿಸಿದರು. 1892ರ ಮಾರ್ಚ್ ತಿಂಗಳಲ್ಲಿ ಅವನು ಅಲ್ಲಿಂದ ಓಡಿಹೋಗಿ ಚಳಿಯಲ್ಲಿ ಬೈಲಿನಲ್ಲಿ ರಾತ್ರಿ ಕಳೆದನು. ಆ ಮೇಲೆ ಹೆತ್ತವರು ಅವನನ್ನು ಪ್ರಾರ್ಥನೆಯಿಂದ ಗುಣಪಡಿಸುವದರಲ್ಲಿ ಹೆಸರಾದ ಒಬ್ಬ ಬೋಧಕರ ಬಳಿಗೆ ಒಯ್ದರು. ಅಲ್ಲಿ ಆ ಹದಿನಾಲ್ಕು ವರುಷದ ಹುಡುಗನು ತನ್ನ ಪ್ರಾಣವನ್ನೇ ಕಳೆದುಕೊಳ್ಳಲು ಯತ್ನಿಸಿದನು. ದೇವರ ಕೃಪೆಯಿಂದ ಉಳಿದನು. ಅನಂತರ ಅವನನ್ನು ಬುದ್ಧಿಮಾಂದ್ಯರೂ ಮೂರ್ಛೆರೋಗಿಗಳೂ ಇದ್ದ ಆಶ್ರಮಕ್ಕೆ ಕಳುಹಿಸಿದರು. ಅಲ್ಲಿಂದ ತಂದೆಗೆ ಬರೆದ ಪತ್ರದಲ್ಲಿ ಅವನು ತನ್ನನ್ನು ಸೆರೆಯವನೆಂದು ಹೇಳಿಕೊಂಡನು.

ಈ ಹುಡುಗನೇ ಮುಂದೆ ಗ್ರಂಥಕರ್ತನಾಗಿ 1946ರಲ್ಲಿ ನೊಬೆಲ್ ಬಹುಮಾನವನ್ನು ಪಡೆದ ಹೆರ್ಮನ್ ಹೆಸ್ಸೆ. ಕಠಿನವಾದ ಶಿಸ್ತಿನಿಂದಲೇ ಅವನು ದೊಡ್ಡವನಾದನೆಂದು ಯಾರೂ ಹೇಳಬಾರದು. ಆ ವರುಷ ಅವನು ಸತ್ತಿದ್ದರೆ ನಾವು ಅವನ ಹೆಸರನ್ನೂ ಕೇಳುತ್ತಿರಲಿಲ್ಲ. ಅವನ ತಂದೆತಾಯಿಗಳು ದುಷ್ಟರಲ್ಲ. ಮಗನಿಗಾಗಿ ಬಹಳ ಪ್ರಾರ್ಥಿಸಿದವರು. ತಾಯಿಯಂತೂ ತಾನೇ ಎಳವೆಯಲ್ಲಿ ಬಿಡಲ್ಪಟ್ಟ ಮಗುವಾಗಿದ್ದಳು. ಆದರೂ ಮಗನಿಗೆ ಬಿದ್ದ ಪೆಟ್ಟು ನಿಜವಾದ ಪೆಟ್ಟೇ. ಹೆತ್ತವರ ಸದುದ್ದೇಶವು ಮಗುವಿನ ಗಾಯವನ್ನು ವಾಸಿಮಾಡುವದಿಲ್ಲವೆಂಬದನ್ನು ಇಲ್ಲಿ ಕಲಿಯತಕ್ಕದ್ದು.

3. ತಪ್ಪಿನ ಪಾಲು

ಯೆಹೆಜ್ಕೇಲನ ಕಾಲದಲ್ಲಿ ಜನರು, ತಂದೆಗಳು ತಿಂದ ಹುಳಿದ್ರಾಕ್ಷೆಯಿಂದ ಮಕ್ಕಳ ಹಲ್ಲು ಚಳಿತುಹೋಯಿತೆಂದು ಗಾದೆ ಹೇಳಿ ತಮ್ಮ ತಪ್ಪನ್ನು ಹಿರಿಯರ ಮೇಲೆ ಹಾಕುತ್ತಿದ್ದರು. ದೇವರು ಆ ಗಾದೆಯನ್ನು ನಿಲ್ಲಿಸಿ, ಪ್ರತಿಯೊಬ್ಬನು ತನ್ನ ತನ್ನ ಕೃತ್ಯಕ್ಕೆ ತಾನೇ ಉತ್ತರವಾದಿ ಎಂದು ತಿಳಿಸಿದನು. ತಂದೆಯ ದುಷ್ಟತ್ವವನ್ನು ಕಂಡು ಅದನ್ನು ಮಾಡದೆ ತಿರುಗಿಕೊಳ್ಳುವ ಮಗನೂ ಆ ಅಧ್ಯಾಯದಲ್ಲಿದ್ದಾನೆ.

ಆದದರಿಂದ ಮೊದಲನೆಯದಾಗಿ, ಹೊಡೆದ ಕೈಯೇ ಹೊಡೆತಕ್ಕೆ ಉತ್ತರವಾದಿ. "ನನ್ನ ಅಪ್ಪ ಹೊಡೆದದ್ದರಿಂದಲೇ ನಾನು ಮನುಷ್ಯನಾದೆನು" ಎಂಬ ಮಾತು ಕಾರಣವನ್ನು ತಿಳಿಸಬಹುದು, ಅಪರಾಧವನ್ನು ತೊಳೆಯದು. ಕೂಲಿಯ ಬಳಲಿಕೆ, ಸಾಲದ ಚಿಂತೆ, ಮನೆಯ ಇಕ್ಕಟ್ಟು ಇವೂ ಹಾಗೆಯೇ.

ಎರಡನೆಯದಾಗಿ, ಬೋಧಿಸಿದ ಬಾಯಿಗೂ ಪಾಲುಂಟು. ಅರ್ಧ ವಾಕ್ಯವನ್ನು ಓದಿ ಬರಲಿಗೆ ಪರಿಶುದ್ಧತೆಯ ಬಟ್ಟೆ ತೊಡಿಸಿದ ಉಪದೇಶಿಯು, "ನಾನು ಹೊಡೆಯಲಿಲ್ಲ" ಎಂದು ಕೈ ತೊಳೆದುಕೊಳ್ಳಲಾರನು. ಆದರೆ ನನ್ನ ಪಾಲು ತಂದೆಯ ಪಾಲನ್ನು ಕಡಿಮೆ ಮಾಡುವದಿಲ್ಲ, ಅವನದು ನನ್ನದನ್ನೂ ಕಡಿಮೆ ಮಾಡುವದಿಲ್ಲ. ತಪ್ಪು ಒಂದೇ ರೊಟ್ಟಿಯಂತೆ ಹಂಚಿಕೊಂಡಷ್ಟೂ ಸಣ್ಣದಾಗುವ ವಸ್ತುವಲ್ಲ.

ಮೂರನೆಯದಾಗಿ, ಕೇಳಿಯೂ ಸುಮ್ಮನಿದ್ದ ನೆರೆಯವರಿಗೆ ಪಾಲುಂಟು. ಲೈನುಮನೆಗಳಿಗೆ ನಡುವೆ ಇರುವದು ಒಂದೇ ಗೋಡೆ. ಮಗುವಿನ ಕೂಗು ಎಲ್ಲರಿಗೂ ಕೇಳುತ್ತದೆ. ಲಂಡನ್ ನಗರದಲ್ಲಿ 2000ನೇ ಇಸವಿಯ ಫೆಬ್ರವರಿಯಲ್ಲಿ ಎಂಟು ವರುಷದ ಹುಡುಗಿಯೊಬ್ಬಳು, ತನ್ನನ್ನು ಸಾಕುತ್ತಿದ್ದ ಬಂಧುವಿನ ಮತ್ತು ಆಕೆಯ ಜೊತೆಗಾರನ ಹಿಂಸೆಯಿಂದ ಸತ್ತಳು. ಸಾಯುವ ಮೊದಲು ಅವಳನ್ನು ಪ್ರಾರ್ಥನಾ ಸಭೆಗಳಿಗೆ ಕರೆದೊಯ್ದಿದ್ದರು. ಅಲ್ಲಿ ಅವಳಿಗೆ ದೆವ್ವ ಹಿಡಿದಿದೆ ಎಂದು ಹೇಳಿದರು. ನ್ಯಾಯಾಲಯವು ಆ ಇಬ್ಬರಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ಆದರೆ ಸರಕಾರವು ಅಷ್ಟಕ್ಕೇ ನಿಲ್ಲದೆ ಲಾರ್ಡ್ ಲೇಮಿಂಗ್ ಎಂಬವರಿಂದ ವಿಚಾರಣೆ ಮಾಡಿಸಿತು. ಅಧಿಕಾರಿಗಳಿಗೂ ವೈದ್ಯರಿಗೂ ಅವಳನ್ನು ಉಳಿಸುವ ಸಂದರ್ಭವು ಹನ್ನೆರಡು ಸಾರಿ ಒದಗಿ ತಪ್ಪಿಹೋಗಿತ್ತೆಂದು 2003ರ ವರದಿಯು ತಿಳಿಸಿತು. ಕೊಂದವರು ಇಬ್ಬರು, ಕಂಡವರು ಅನೇಕರು.

ಕಡೆಯದಾಗಿ, ಮಗುವಿಗೆ ಈ ತಪ್ಪಿನಲ್ಲಿ ಪಾಲಿಲ್ಲ. ಮಗು ಹಟಮಾಡಿರಬಹುದು, ಸುಳ್ಳು ಹೇಳಿರಬಹುದು, ವಾಕ್ಯವನ್ನು ಮರೆತಿರಬಹುದು. ಅದು ಮಗುವಿನ ತಪ್ಪು. ಬಾಸುಂಡೆಯು ದೊಡ್ಡವರ ತಪ್ಪು. ಈ ಎರಡನ್ನು ಕಲಸಬಾರದು.

4. ಸಭೆಯು ಮಾಡತಕ್ಕದ್ದು

ಭಾರತ ಸರಕಾರದ ಮಹಿಳಾ ಮತ್ತು ಮಕ್ಕಳ ಇಲಾಖೆಯವರು 2007ರಲ್ಲಿ ಪ್ರಕಟಿಸಿದ ವರದಿಗಾಗಿ ನೆರೆಯ ಕೇರಳ, ಆಂಧ್ರ, ಗೋವಾ ಮೊದಲಾದ 13 ರಾಜ್ಯಗಳಲ್ಲಿ 12,447 ಮಕ್ಕಳನ್ನು ವಿಚಾರಿಸಿದರು. ಮೂವರಲ್ಲಿ ಇಬ್ಬರು ಮಕ್ಕಳು ದೇಹಹಿಂಸೆಯನ್ನು ಅನುಭವಿಸಿದ್ದರು; ಮನೆಯವರಿಂದ ಹಿಂಸೆಗೊಂಡವರಲ್ಲಿ ನೂರಕ್ಕೆ 88ಕ್ಕಿಂತ ಹೆಚ್ಚು ಮಕ್ಕಳಿಗೆ ಹೊಡೆದವರು ಹೆತ್ತವರೇ. ಅರ್ಧಕ್ಕಿಂತ ಹೆಚ್ಚು ಮಕ್ಕಳು ಒಂದಲ್ಲ ಒಂದು ವಿಧವಾದ ಲೈಂಗಿಕ ಕೇಡನ್ನೂ ಕಂಡಿದ್ದರು. ಬಹುಮಂದಿ ಅದನ್ನು ಯಾರಿಗೂ ಹೇಳಿರಲಿಲ್ಲ. ಈ ಲೆಕ್ಕ ಎಲ್ಲಾ ಮತದವರ ಮನೆಗಳದು. ಪ್ರಾರ್ಥನೆ ನಡೆಯುವ ಮನೆಗೆ ಇದು ಸಂಬಂಧಿಸದೆಂದು ನಾವು ಹಿಗ್ಗಬಾರದು.

ದೇಶದ ಕಾನೂನನ್ನೂ ತಿಳಿದಿರೋಣ. ಶಾಲೆಯಲ್ಲಿ ಮಕ್ಕಳನ್ನು ಹೊಡೆಯುವದನ್ನು 2009ರ ಶಿಕ್ಷಣ ಹಕ್ಕಿನ ಕಾಯಿದೆಯು ನಿಷೇಧಿಸಿದೆ. ತನ್ನ ವಶದಲ್ಲಿರುವ ಮಗುವಿಗೆ ಕ್ರೌರ್ಯ ಮಾಡುವವನಿಗೆ 2015ರ ಬಾಲನ್ಯಾಯ ಕಾಯಿದೆಯ 75ನೇ ಕಲಮಿನ ಪ್ರಕಾರ ಮೂರು ವರುಷದ ವರೆಗೆ ಸೆರೆಯಾಗಬಹುದು. ಮಗುವಿಗೆ ಲೈಂಗಿಕ ಕೇಡು ನಡೆದದ್ದನ್ನು ತಿಳಿದೂ ಪೊಲೀಸರಿಗೆ ತಿಳಿಸದವನು 2012ರ ಪೋಕ್ಸೊ ಕಾಯಿದೆಯಂತೆ ಶಿಕ್ಷಾರ್ಹನು. ಸಭಾಹಿರಿಯರು ಕೂತು ರಾಜಿ ಮಾಡಿಸಿ ಮುಚ್ಚತಕ್ಕ ವಿಷಯ ಇದಲ್ಲ. ಸಭೆಯ ಮಾನಕ್ಕಿಂತ ಮಗುವಿನ ಪ್ರಾಣ ದೊಡ್ಡದು. 1098 ಎಂಬ ಸಂಖ್ಯೆಗೆ ಹಣವಿಲ್ಲದೆ ಹಗಲೂ ರಾತ್ರಿಯೂ ದೂರವಾಣಿ ಮಾಡಬಹುದು, ಮಗುವೂ ಮಾಡಬಹುದು. ಇದನ್ನು ಭಾನುವಾರದ ಶಾಲೆಯಲ್ಲಿ ಬಾಯಿಪಾಠ ಮಾಡಿಸಿರಿ.

ಗಾಯಗೊಂಡ ಮಗುವನ್ನು, "ಕ್ಷಮಿಸು, ಇಲ್ಲವಾದರೆ ದೇವರು ನಿನ್ನನ್ನು ಕ್ಷಮಿಸುವದಿಲ್ಲ" ಎಂದು ಒತ್ತಾಯಪಡಿಸಬೇಡಿರಿ. ಪಶ್ಚಾತ್ತಾಪ ಪಡತಕ್ಕವರು ದೊಡ್ಡವರು. ಕ್ಷಮೆಯು ಮಗುವಿನ ಕೈಯಲ್ಲಿರುವ ದಾನ. ಅದನ್ನು ಬರಲು ತೋರಿಸಿ ವಸೂಲು ಮಾಡಲಾಗದು.

ನಾನು ಆ ಲೈನುಮನೆಗೆ ಎರಡು ವಾರಗಳ ತರುವಾಯ ತಿರಿಗಿ ಹೋದೆನು. ತಂದೆಯ ಮುಂದೆಯೇ ಹುಡುಗನಿಗೆ, "ಮಗೂ, ಅಂದು ನಾನು ಹೇಳಿದ್ದು ತಪ್ಪು. ನಿನ್ನ ಕಾಲಿನ ಗಾಯಕ್ಕೆ ನೀನು ಕಾರಣನಲ್ಲ" ಅಂದೆನು. ತಂದೆಗೆ, "ಅಣ್ಣಾ, ನಾನು ನಿಮಗೆ ಅರ್ಧವನ್ನೇ ಬೋಧಿಸಿದೆನು; ಉಳಿದರ್ಧವನ್ನು ಈಗ ಓದುತ್ತೇನೆ. ಇನ್ನೊಂದು ಸಾರಿ ಹೀಗಾದರೆ ನಾನು ಸುಮ್ಮನಿರಲಾರೆನು" ಎಂದು ಹೇಳಿ ಎಫೆಸದವರ ಪತ್ರಿಕೆಯನ್ನು ತೆರೆದೆನು. ಅವನು ಬಹಳ ಹೊತ್ತು ಮಾತಾಡಲಿಲ್ಲ. ಹುಡುಗನೂ ನನ್ನ ಕಡೆಗೆ ನೋಡಲಿಲ್ಲ. ನಾನು ಎದ್ದು ಹೊರಡುವಾಗ ತಂದೆಯು ಮಾಡಿನ ಸಂದಿನಲ್ಲಿದ್ದ ಬರಲನ್ನು ತೆಗೆದು ಒಲೆಗೆ ಇಟ್ಟನು. ಮಳೆಗೆ ಹಸಿಯಾಗಿದ್ದದರಿಂದ ಅದು ಬೇಗನೆ ಹೊತ್ತಿಕೊಳ್ಳಲಿಲ್ಲ, ಹೊಗೆಯಾಡುತ್ತಾ ಇತ್ತು. ಆ ಮನೆಗೆ ಈಗಲೂ ಹೋಗುತ್ತಿರುತ್ತೇನೆ. ಹುಡುಗನು ನನ್ನನ್ನು ನಂಬಲು ಒಂದು ವರುಷ ಹಿಡಿಯಿತು.

ಕುಟುಂಬದಲ್ಲಿ ವಿಚಾರಿಸತಕ್ಕ ಪ್ರಶ್ನೆಗಳು

1. ಎಫೆಸದವರಿಗೆ 6ರಲ್ಲಿ ಮಕ್ಕಳಿಗೆ ಹೇಳಿದ್ದೇನು, ತಂದೆಗಳಿಗೆ ಹೇಳಿದ್ದೇನು? ನಮ್ಮ ಮನೆಯಲ್ಲಿ ಯಾವುದನ್ನು ಹೆಚ್ಚಾಗಿ ಓದುತ್ತೇವೆ?
2. ನಾನು ಮಗುವಿಗೆ ಕೈಯೆತ್ತಿದಾಗ ನನ್ನಲ್ಲಿ ಇದ್ದದ್ದು ಪ್ರೀತಿಯೋ, ಬಳಲಿಕೆಯೋ, ಕೋಪವೋ?
3. ಪಕ್ಕದ ಮನೆಯ ಮಗುವಿನ ಕೂಗು ಕೇಳಿದಾಗ ನಾನು ಏನು ಮಾಡಿದೆನು?
4. ನನ್ನ ಮಗುವು ಭಯವಿಲ್ಲದೆ ನನ್ನ ತಪ್ಪನ್ನು ನನಗೆ ಹೇಳಬಲ್ಲದೋ?