ಇದ್ದಕ್ಕಿದ್ದ ಹಾಗೆ ಬಂದ ಕೆಲಸ

ಯೌವನಸ್ಥರ ಕೂಟದ ಸಂದೇಶ
ವಾಕ್ಯಭಾಗ: ಲೂಕ 14:16–24, ಯೋಹಾನ 12:42–43, 2 ಕೊರಿಂಥ 1:15–23

ಹಿಂದೆ ನಿಂತಿರುವ ತಮ್ಮಂದಿರು ದಯವಿಟ್ಟು ಮುಂದೆ ಬನ್ನಿ, ಇಲ್ಲಿ ಕುರ್ಚಿ ಖಾಲಿ ಇದೆ.

ಇವತ್ತಿನ ಸಂದೇಶವನ್ನು ಒಂದು ಮೂಗಿನಿಂದ ಶುರು ಮಾಡ್ತೀನಿ. ನಗಬೇಡಿ, ನಿಜವಾಗಿಯೂ ಮೂಗೇ.

ನನ್ನ ಮಗಳು ಒಂಬತ್ತನೇ ಕ್ಲಾಸ್. ರಜೆಯಲ್ಲಿ ಅವಳ ಜೊತೆ ಕೂತು ಒಂದು ಹಳೇ ಅಮೆರಿಕನ್ ಧಾರಾವಾಹಿ ನೋಡಿದೆ. ಹೆಸರು ‘ದ ಬ್ರೇಡಿ ಬಂಚ್’. 1969ರಿಂದ 1974ರವರೆಗೆ ಎಬಿಸಿ ಚಾನೆಲ್‌ನಲ್ಲಿ ಬಂದಿದ್ದು, ಒಟ್ಟು 117 ಕಂತು. ಮೂರು ಗಂಡುಮಕ್ಕಳಿರುವ ಒಬ್ಬ ತಂದೆ, ಮೂರು ಹೆಣ್ಣುಮಕ್ಕಳಿರುವ ಒಬ್ಬ ತಾಯಿ ಮದುವೆಯಾಗಿ ಒಂದೇ ಮನೆಯಲ್ಲಿ ಬಾಳುವ ಕಥೆ. ತಂದೆ ಮೈಕ್ ಆರ್ಕಿಟೆಕ್ಟ್, ತಾಯಿ ಕ್ಯಾರಲ್, ಮನೆಗೆಲಸಕ್ಕೆ ಆಲಿಸ್. ಮೊದಲು ಬಂದಾಗ ದೊಡ್ಡ ಹಿಟ್ ಏನಲ್ಲ. ನಿಂತ ಮೇಲೆ ಮರುಪ್ರಸಾರದಲ್ಲೇ ಅಲ್ಲಿನ ಮಕ್ಕಳಿಗೆ ಅದು ಮನೆಮಾತಾಯ್ತು.

ನಾವು ನೋಡಿದ ಕಂತು 1973ರ ಫೆಬ್ರವರಿಯದು. ದೊಡ್ಡ ಮಗಳು ಮಾರ್ಷಾ ಹೈಸ್ಕೂಲಿನಲ್ಲಿ ಓದ್ತಾಳೆ. ಚಾರ್ಲಿ ಅನ್ನೋ ಹುಡುಗ ತನ್ನ ಜೊತೆ ಹೊರಗೆ ಬರ್ತೀಯಾ ಅಂತ ಕೇಳ್ತಾನೆ. ಸಾಧಾರಣ ಹುಡುಗ, ಅಪ್ಪನದು ಗೋಡೆಗೆ ಅಂಟಿಸುವ ವಾಲ್‌ಪೇಪರ್ ವ್ಯಾಪಾರ. ಇವಳು ಹೂಂ ಅಂತಾಳೆ. (ಡೇಟಿಂಗ್ ಬಗ್ಗೆ ಇವತ್ತು ನಾನು ಮಾತಾಡ್ತಿಲ್ಲ, ಅದಕ್ಕೆ ಬೇರೆ ದಿನ ಇದೆ. ಅಲ್ಲಿ ಮೂಲೆಯಲ್ಲಿ ನಗ್ತಿರೋರು ಆ ದಿನ ತಪ್ಪದೆ ಬನ್ನಿ.) ಅಷ್ಟರಲ್ಲಿ ಡಗ್ ಸಿಂಪ್ಸನ್ ಬರ್ತಾನೆ. ಇಡೀ ಶಾಲೆ ತಿರುಗಿ ನೋಡುವ ಹುಡುಗ. ಅವನೂ ಅದೇ ದಿನಕ್ಕೆ ಕರೀತಾನೆ. ಮಾರ್ಷಾಗೆ ಚಾರ್ಲಿಗೆ ಕೊಟ್ಟ ಮಾತು ಈಗ ಭಾರ ಆಗುತ್ತೆ. ಏನು ಹೇಳಿ ತಪ್ಪಿಸಿಕೊಳ್ಳೋದು? ಅಣ್ಣ ಗ್ರೆಗ್ ಒಂದು ಉಪಾಯ ಹೇಳಿಕೊಡ್ತಾನೆ: ಇದ್ದಕ್ಕಿದ್ದ ಹಾಗೆ ಏನೋ ಬಂತು ಅಂತ ಹೇಳಿಬಿಡು. ಅವಳು ಹಾಗೇ ಹೇಳ್ತಾಳೆ. ಚಾರ್ಲಿ ನಂಬ್ತಾನೆ.

ಆಮೇಲೆ ಹಿತ್ತಲಲ್ಲಿ ತಮ್ಮಂದಿರು ಫುಟ್‌ಬಾಲ್ ಎಸೆದಾಡ್ತಿರುವಾಗ ಇವಳು ಬಾಗಿಲು ದಾಟಿ ಬರ್ತಾಳೆ. ಚೆಂಡು ನೇರ ಮೂಗಿಗೆ. ಮೂಗು ಊದಿಕೊಳ್ಳುತ್ತೆ. ಶಾಲೆಯಲ್ಲಿ ಡಗ್ ಆ ಮುಖ ನೋಡಿದ ಕೂಡಲೇ ಹೇಳ್ತಾನೆ, ಇದ್ದಕ್ಕಿದ್ದ ಹಾಗೆ ಏನೋ ಬಂತು ಅಂತ. ಅವಳದೇ ನೆಪ ಅವಳಿಗೇ ವಾಪಸ್ ಬಂತು.

ನನ್ನ ಮಗಳು ನಕ್ಕಳು. ಆಮೇಲೆ ಮೆಲ್ಲಗೆ, “ಅಪ್ಪಾ, ನಮ್ಮ ಕ್ಲಾಸಲ್ಲೂ ಒಬ್ಬ ಡಗ್ ಇದಾನೆ” ಅಂದಳು. ನನಗೆ ನಗು ಬರಲಿಲ್ಲ. ಯಾಕೆ ಅಂತ ಸ್ವಲ್ಪ ಹೊತ್ತಲ್ಲಿ ಹೇಳ್ತೀನಿ. ಮೊದಲು ವಾಕ್ಯಕ್ಕೆ ಹೋಗೋಣ.

ಮೊದಲನೆಯದು: ನೆಪದ ಹಿಂದೆ ಇನ್ನೊಂದು ಆಮಂತ್ರಣ ಇರುತ್ತೆ

ಲೂಕ 14. ಯೇಸು ಒಬ್ಬ ಫರಿಸಾಯನ ಮನೆಯಲ್ಲಿ ಊಟಕ್ಕೆ ಕೂತಿದ್ದಾರೆ. ಅಲ್ಲಿ ಒಂದು ಸಾಮ್ಯ ಹೇಳ್ತಾರೆ. ಒಬ್ಬ ಯಜಮಾನ ದೊಡ್ಡ ಔತಣ ಮಾಡಿಸಿ ಬಹಳ ಜನರನ್ನು ಕರೆದಿದ್ದ. ಊಟ ಸಿದ್ಧವಾಯ್ತು, ಬನ್ನಿ ಅಂತ ಆಳನ್ನು ಕಳಿಸಿದ. ಗಮನಿಸಿ, ಇವರು ಹೊಸದಾಗಿ ಕರೆಸಿಕೊಂಡವರಲ್ಲ, ಮುಂಚೆಯೇ ಆಮಂತ್ರಣ ತಲುಪಿದವರು. ಈಗ ಒಬ್ಬೊಬ್ಬರಿಗೂ ಇದ್ದಕ್ಕಿದ್ದ ಹಾಗೆ ಕೆಲಸ ಬಂತು.

ಒಬ್ಬ ಹೊಲ ಕೊಂಡಿದ್ದಾನಂತೆ, ಹೋಗಿ ನೋಡಬೇಕಂತೆ. ನೋಡದೆ ಯಾರಾದ್ರೂ ಜಮೀನು ಕೊಳ್ತಾರಾ? ಬೆಂಗಳೂರಲ್ಲಿ ಮೂವತ್ತು-ನಲವತ್ತು ಸೈಟು ಕೊಳ್ಳೋಕೆ ನಾವು ಹತ್ತು ಸಲ ಹೋಗಿ ನೋಡ್ತೀವಿ. ಇನ್ನೊಬ್ಬ ಐದು ಜೋಡಿ ಎತ್ತು ಕೊಂಡಿದ್ದಾನೆ, ಪರೀಕ್ಷೆ ಮಾಡಬೇಕಂತೆ. ದನದ ಜಾತ್ರೆಗೆ ಹೋದ ಯಾವ ರೈತನೂ ಹಲ್ಲು ಎಣಿಸದೆ, ನಡೆಸಿ ನೋಡದೆ ದುಡ್ಡು ಬಿಚ್ಚಲ್ಲ. ಇವನು ಹತ್ತು ಎತ್ತು ಕೊಂಡು ಆಮೇಲೆ ನೋಡ್ತಾನಂತೆ! ಮೂರನೆಯವನಿಗೆ ಮದುವೆ ಆಗಿದೆ. ಮೊದಲ ಇಬ್ಬರು ಕ್ಷಮಿಸು ಅಂತಾದ್ರೂ ಕೇಳಿಕೊಂಡರು. ಮೂರನೆಯವನು ಅದನ್ನೂ ಕೇಳಲಿಲ್ಲ, ಬರೋಕಾಗಲ್ಲ ಅಂದ, ಅಷ್ಟೇ.

ಹೊಲ, ಎತ್ತು, ಮದುವೆ, ಇದರಲ್ಲಿ ಯಾವುದೂ ಪಾಪ ಅಲ್ಲ. ಆದರೆ ಯಜಮಾನನ ಮನೆ ಅವರಿಗೆ ಎರಡನೇ ಸ್ಥಾನಕ್ಕೆ ಇಳಿದಿತ್ತು. ಅದನ್ನು ಬಾಯಿಬಿಟ್ಟು ಹೇಳೋ ಧೈರ್ಯ ಇರಲಿಲ್ಲ. ಚಾರ್ಲಿಗಿಂತ ಡಗ್ ದೊಡ್ಡವನಾಗಿ ಕಂಡ, ಅದನ್ನು ಹೇಳೋಕೆ ಮಾರ್ಷಾಗೂ ಆಗಲಿಲ್ಲ. ಆಗದೇ ಇದ್ದಾಗ ನೆಪ ಕೈಗೆ ಸಿಗುತ್ತೆ. ಅವಳಿಗೆ ನೆಪ ಕೊಟ್ಟವನು ಅವಳ ಮನೆಯ ಅಣ್ಣನೇ. ಇಲ್ಲಿ ಅಣ್ಣಂದಿರು, ಅಕ್ಕಂದಿರು ಇದ್ದೀರಿ. ಫೋನ್ ಬಂದಾಗ ಮನೇಲಿಲ್ಲ ಅಂತ ಹೇಳು ಅಂತ ತಮ್ಮ ತಂಗಿಯರಿಗೆ ಕಲಿಸಿದವರು ನಾವೇ ಅಲ್ವಾ?

ಈಗ ನನ್ನ ಸಾಕ್ಷಿ

ನನಗೆ ಆ ಕಂತು ನೋಡಿ ನಗು ಬರಲಿಲ್ಲ ಅಂದೆ. 2001. ನಾನು ಎರಡನೇ ಪಿಯುಸಿ. ಕಾಲೇಜಿನ ಪ್ರಾರ್ಥನಾ ಗುಂಪಿನಲ್ಲಿ ನನಗೆ ಒಬ್ಬ ಸ್ನೇಹಿತ ಇದ್ದ. ತಂದೆ ಇಲ್ಲ, ತಾಯಿ ಬಟ್ಟೆ ಹೊಲಿದು ಸಾಕ್ತಿದ್ರು. ಮಾತಾಡುವಾಗ ಸ್ವಲ್ಪ ತೊದಲ್ತಿದ್ದ. ಅವನು ಹೋಗ್ತಿದ್ದದ್ದು ಬೇರೆ ಸಭೆಗೆ. ಒಂದು ಭಾನುವಾರ ಅವನ ದೀಕ್ಷಾಸ್ನಾನ. “ನಾನು ನೀರಿಂದ ಎದ್ದಾಗ ಟವೆಲ್ ಹಿಡ್ಕೊಂಡು ನೀನೇ ನಿಂತಿರಬೇಕು ಕಣೋ” ಅಂದಿದ್ದ. ಖಂಡಿತ ಬರ್ತೀನಿ ಅಂದಿದ್ದೆ.

ಗುರುವಾರ ನಮ್ಮ ಕ್ಲಾಸಿನ ಒಂದು ಗ್ಯಾಂಗ್ ನನ್ನನ್ನು ಕರೀತು. ಬೈಕ್ ಇದ್ದ ಹುಡುಗರು. ಕ್ಯಾಂಟೀನಲ್ಲಿ ಅವರ ಟೇಬಲ್ ಹತ್ರ ಹೋಗೋಕೂ ನಮಗೆ ಸಂಕೋಚ. “ಭಾನುವಾರ ಬೆಳಿಗ್ಗೆ ನಂದಿ ಬೆಟ್ಟ, ಒಂದು ಸೀಟು ಖಾಲಿ ಇದೆ, ಬರ್ತೀಯಾ?” ಆ ಒಂದು ಸೀಟಿಗೋಸ್ಕರ ನಾನು ಸ್ನೇಹಿತನ ಹತ್ರ ಹೋಗಿ ಹೇಳಿದೆ, ಅಜ್ಜಿಗೆ ತುಂಬಾ ಹುಷಾರಿಲ್ಲ, ಊರಿಗೆ ಹೋಗಬೇಕು ಅಂತ. ಅಜ್ಜಿ ಗಟ್ಟಿಮುಟ್ಟಾಗಿದ್ರು.

ಸೋಮವಾರ ಗುಂಪಿನ ಒಬ್ಬ ಅಕ್ಕ ನನ್ನನ್ನು ನಿಲ್ಲಿಸಿ ಕೇಳಿದ್ರು, “ಅಜ್ಜಿ ಹೇಗಿದ್ದಾರೆ?” ನಾನು ಅವಾಕ್ಕಾದೆ. ಅವರು ಹೇಳಿದ್ರು, ನಿನ್ನೆ ನೀರಿಗೆ ಇಳಿಯೋ ಮುಂಚೆ ಅವನು ಸಾಕ್ಷಿ ಹೇಳಿದ, ಕೊನೆಗೆ, ನನ್ನ ಸ್ನೇಹಿತನ ಅಜ್ಜಿಗೋಸ್ಕರ ಪ್ರಾರ್ಥನೆ ಮಾಡಿ ಅಂತ ಇಡೀ ಸಭೆಯನ್ನು ಕೇಳಿಕೊಂಡ. ಎಲ್ಲರೂ ಎದ್ದು ನಿಂತು ಪ್ರಾರ್ಥಿಸಿದ್ರು.

ಆಗಲೂ ನಾನು ನಿಜ ಹೇಳಲಿಲ್ಲ. ಪರವಾಗಿಲ್ಲ, ಈಗ ಆರಾಮಾಗಿದ್ದಾರೆ ಅಂದೆ. ಎರಡು ವಾರ ಆದ ಮೇಲೆ ಬೆಟ್ಟದ ಫೋಟೋಗಳ ಆಲ್ಬಮ್ ಕ್ಲಾಸಲ್ಲಿ ಸುತ್ತಾಡ್ತು. ಆಗಿನ ಕ್ಯಾಮೆರಾಗಳಲ್ಲಿ ಫೋಟೋದ ಮೂಲೆಗೆ ಕಿತ್ತಳೆ ಬಣ್ಣದಲ್ಲಿ ತಾರೀಖು ಬೀಳ್ತಿತ್ತು. ಅದು ಅವನ ಕೈಗೂ ಹೋಯ್ತು. ಅವನು ಒಂದೊಂದೇ ಫೋಟೋ ನೋಡಿದ. ಚೆನ್ನಾಗಿದೆ ಅಂತ ಹೇಳಿ ಪಕ್ಕದವನಿಗೆ ಕೊಟ್ಟ. ನನ್ನನ್ನು ಏನೂ ಕೇಳಲಿಲ್ಲ. ಬೈಕಿನ ಆ ಸೀಟಿಗೆ ಮುಂದಿನ ತಿಂಗಳು ಬೇರೆ ಹುಡುಗ ಬಂದ.

ಎರಡನೆಯದು: ಗುಂಪಿನ ಮೆಚ್ಚುಗೆಗೆ ಮೂಗಿನಷ್ಟೇ ಆಯುಷ್ಯ

ಯೋಹಾನ 12:42–43 ಮನೆಗೆ ಹೋಗಿ ಓದಿ. ಅಧಿಕಾರಿಗಳಲ್ಲೇ ಬಹಳ ಜನ ಯೇಸುವನ್ನು ನಂಬಿದ್ರು. ಆದ್ರೆ ಹೊರಗೆ ಹೇಳಲಿಲ್ಲ. ಹೇಳಿದ್ರೆ ಸಭಾಮಂದಿರದಿಂದ ಹಾಕ್ತಾರೆ ಅನ್ನೋ ಭಯ. ಇವತ್ತಿನ ಭಾಷೆಯಲ್ಲಿ, ಗ್ರೂಪಿಂದ ರಿಮೂವ್ ಮಾಡ್ತಾರೆ ಅನ್ನೋ ಭಯ. ದೇವರು ಕೊಡುವ ಮಾನಕ್ಕಿಂತ ಜನ ಕೊಡುವ ಮಾನ ಅವರಿಗೆ ರುಚಿಸಿತು ಅಂತ ಯೋಹಾನ ಬರೀತಾನೆ. ಅವರಿಗೆ ನಂಬಿಕೆ ಇತ್ತು, ಅದನ್ನು ಹೇಳುವಾಗ ಪಕ್ಕದಲ್ಲಿ ಯಾರಿದ್ದಾರೆ ಅಂತ ನೋಡ್ತಿದ್ರು.

ಆ ಮಾನ ಎಷ್ಟು ದಿನ ಬಾಳುತ್ತೆ? ಡಗ್‌ನ ಲೆಕ್ಕದಲ್ಲಿ ಮೂಗು ಸರಿ ಇರೋವರೆಗೆ. ಅವನನ್ನು ಬೈಯೋಕೆ ನಮಗೆ ಸುಲಭ. ಆದ್ರೆ ಅವನು ಬಳಸಿದ ತಕ್ಕಡಿ ಮಾರ್ಷಾ ಚಾರ್ಲಿಗೆ ಬಳಸಿದ ತಕ್ಕಡಿಯೇ. ಮುಖ ನೋಡಿ ತೂಗೋದು. 1 ಸಮುವೇಲ 16ರಲ್ಲಿ ಪ್ರವಾದಿ ಸಮುವೇಲನೂ ಎಲೀಯಾಬನ ಎತ್ತರ, ಮುಖ ನೋಡಿ ಇವನೇ ಇರಬೇಕು ಅಂದುಕೊಂಡ. ದೇವರು ಅವನನ್ನು ಅಲ್ಲೇ ತಡೆದರು, ನಾನು ನೋಡುವುದು ಹೃದಯವನ್ನು ಅಂತ.

ಚಾರ್ಲಿಗೆ ಅವಳ ಊದಿದ ಮೂಗು ಒಂದು ವಿಷಯವೇ ಆಗಲಿಲ್ಲ. ಅವಳು ಬಿಟ್ಟುಕೊಟ್ಟ ಹುಡುಗನೇ ಅವಳನ್ನು ಇದ್ದ ಹಾಗೆ ಒಪ್ಪಿಕೊಂಡ. ಇದೇ ಧಾರಾವಾಹಿಯಲ್ಲಿ ಎರಡನೇ ಮಗಳು ಜ್ಯಾನ್‌ದೂ ಒಂದು ಕಂತಿದೆ. ಕ್ಲಾಸಿನ ಅತಿ ಜನಪ್ರಿಯ ಹುಡುಗಿ ಅಂತ ಗೆಲ್ಲೋಕೆ ಎಲ್ಲರಿಗೂ ಮಾತು ಕೊಡ್ತಾಳೆ, ಗೆದ್ದ ಮೇಲೆ ಎಲ್ಲ ಮರೀತಾಳೆ. ಒಬ್ಬಳು ಜನಪ್ರಿಯನ ಹಿಂದೆ ಹೋಗಿ ಮಾತು ಮುರಿದಳು, ಇನ್ನೊಬ್ಬಳು ತಾನೇ ಜನಪ್ರಿಯಳಾಗಿ ಮುರಿದಳು. ಪೆಟ್ಟು ಬಿದ್ದಿದ್ದು ಅವರ ಮಾತು ನಂಬಿದವರಿಗೆ.

ಮೂರನೆಯದು: ಮಾತು ಬದಲಾದರೂ ಸತ್ಯ ಬದಲಾಗಬಾರದು

ಯಾರೋ ಕೇಳಬಹುದು, “ಪಾಸ್ಟರ್, ಕೆಲವು ಸಲ ನಿಜವಾಗಿಯೂ ಬರೋಕೆ ಆಗಲ್ಲ ಅಲ್ವಾ?” ಒಳ್ಳೆ ಪ್ರಶ್ನೆ. ಪೌಲನಿಗೂ ಹಾಗಾಯ್ತು. ಮಕೆದೋನ್ಯಕ್ಕೆ ಹೋಗುವಾಗಲೂ ಬರುವಾಗಲೂ ಕೊರಿಂಥಕ್ಕೆ ಬರ್ತೀನಿ ಅಂದುಕೊಂಡಿದ್ದ, ಆಮೇಲೆ ಬರಲಿಲ್ಲ. ಪೌಲನ ಮಾತು ಹೌದೂ ಹೌದು, ಅಲ್ಲವೂ ಹೌದು ಅನ್ನೋ ತರಹದ್ದಾ ಅನ್ನೋ ಪ್ರಶ್ನೆ ಎದ್ದಿತು. ಪೌಲ ಏನು ಮಾಡಿದ? ಅಜ್ಜಿಗೆ ಹುಷಾರಿಲ್ಲ ಅನ್ನಲಿಲ್ಲ. 23ನೇ ವಚನದಲ್ಲಿ ದೇವರನ್ನೇ ಸಾಕ್ಷಿಗೆ ಕರೆದು ನಿಜವಾದ ಕಾರಣ ಹೇಳಿದ: ನಿಮಗೆ ನೋವಾಗಬಾರದು ಅಂತಲೇ ಬರಲಿಲ್ಲ. ಕಾರ್ಯಕ್ರಮ ಬದಲಾಯ್ತು. ಆದ್ರೆ ಬದಲಾದದ್ದು ಅವರ ಒಳ್ಳೆಯದಕ್ಕೆ, ಕಾರಣವನ್ನೂ ಅವನು ಮುಚ್ಚಿಡಲಿಲ್ಲ.

ಇದರಲ್ಲಿ ನಿಮಗೆ ಒಂದು ಪರೀಕ್ಷೆ ಇದೆ. ಬರೋಕಾಗಲ್ಲ ಅಂತ ಮೆಸೇಜ್ ಹಾಕುವಾಗ, ನಿಜವಾದ ಕಾರಣ ಟೈಪ್ ಮಾಡೋಕೆ ಬೆರಳು ಹಿಂಜರಿಯುತ್ತಾ? ಹಿಂಜರಿದರೆ ನಿಲ್ಲಿ. ಕೀರ್ತನೆ 15ರಲ್ಲಿ ದೇವರ ಗುಡಾರದಲ್ಲಿ ಇರಬಲ್ಲವನು ಯಾರು ಅನ್ನೋ ಪಟ್ಟಿ ಇದೆ. ಅದರಲ್ಲಿ ನಷ್ಟವಾದರೂ ಕೊಟ್ಟ ಮಾತಿಗೆ ತಪ್ಪದವನೂ ಒಬ್ಬ. ನಾವು ಅನ್ಯಭಾಷೆಯ ವರ ಕೇಳ್ತೀವಿ, ಅಭಿಷೇಕ ಕೇಳ್ತೀವಿ, ಕೇಳಲೇಬೇಕು. ಅದೇ ನಾಲಿಗೆಯಿಂದ ಭಾನುವಾರ ಸ್ತುತಿ, ಸೋಮವಾರ ನೆಪ ಬರಬಾರದು.

ಕೊನೆಯದಾಗಿ ಸುವಾರ್ತೆ. ಅದೇ 2 ಕೊರಿಂಥ 1ರಲ್ಲಿ ಪೌಲ ತನ್ನ ಪ್ರಯಾಣದ ವಿಷಯದಿಂದ ನೇರ ಯೇಸುವಿನ ಬಳಿಗೆ ಹೋಗ್ತಾನೆ. ದೇವರು ಮಾಡಿದ ಎಷ್ಟು ವಾಗ್ದಾನಗಳಿದ್ದರೂ ಅವೆಲ್ಲಕ್ಕೂ ಕ್ರಿಸ್ತನೇ ಹೌದು ಅನ್ನೋ ಉತ್ತರ. ಗೆತ್ಸೇಮನೆಯಲ್ಲಿ ಬೆವರು ರಕ್ತದ ಹನಿಗಳಂತೆ ಸುರಿದಾಗಲೂ ಆತನು ತಂದೆಗೆ ನೆಪ ಹೇಳಲಿಲ್ಲ. ಈ ಪಾತ್ರೆ ತೆಗೆದುಬಿಡು ಅಂತ ಮನಸ್ಸಿನ ನಿಜವನ್ನು ಹೇಳಿದರು, ಆಮೇಲೆ ತಂದೆಯ ಚಿತ್ತಕ್ಕೆ ಒಪ್ಪಿಸಿದರು, ಶಿಲುಬೆಗೆ ಹೋದರು. ನಮ್ಮ ಮುಖ ಪಾಪದಿಂದ ಊದಿಕೊಂಡಿದ್ದಾಗ ಬಂದರು. ಹಲ್ಲೆಲೂಯ! ಔತಣದ ಸಾಮ್ಯದಲ್ಲಿ ಖಾಲಿಯಾದ ಜಾಗಕ್ಕೆ ಯಾರನ್ನು ಕರೆದರು? ಬಡವರು, ಊನವಾದವರು, ಕುರುಡರು, ಕುಂಟರು. ಯಾರ ಪಟ್ಟಿಯಲ್ಲೂ ಇಲ್ಲದವರು. ನಿಮ್ಮನ್ನು ಯಾವ ಗ್ರೂಪಿಗೂ ಸೇರಿಸಿಲ್ಲ ಅಂತ ಅಳ್ತಾ ಇಲ್ಲಿಗೆ ಬಂದಿದ್ದರೆ, ಮಗನೇ, ಮಗಳೇ, ಈ ಮೇಜಿನಲ್ಲಿ ನಿಮಗೆ ಜಾಗ ಇದೆ.

ಈ ಸಂದೇಶ ಸಿದ್ಧ ಮಾಡುವಾಗ ಪವಿತ್ರಾತ್ಮನು ನನ್ನನ್ನು ಬಿಡಲಿಲ್ಲ. ಮಂಗಳವಾರ ರಾತ್ರಿ ಆ ಸ್ನೇಹಿತನ ನಂಬರ್ ಹುಡುಕಿ ಫೋನ್ ಮಾಡಿದೆ. ಎಲ್ಲ ಹೇಳಿದೆ. ಅಜ್ಜಿ ವಿಷಯ, ಬೆಟ್ಟದ ವಿಷಯ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, “ತಾರೀಖು ಅವತ್ತೇ ನೋಡಿದ್ದೆ ಕಣೋ. ಕೇಳಿದ್ರೆ ಇನ್ನೊಂದು ಸುಳ್ಳು ಹೇಳ್ತೀಯ ಅಂತ ಕೇಳಲಿಲ್ಲ” ಅಂದ. ಟವೆಲ್ ಹಿಡಿದು ನಿಂತಿದ್ದು ಅವನ ಅಮ್ಮನಂತೆ. ಕ್ಷಮಿಸು ಅಂದೆ. ಕ್ಷಮಿಸಿದೀನಿ ಅಂದ. “ಈಗ ಕೆಲಸದಲ್ಲಿದೀನಿ, ಆಮೇಲೆ ಮಾಡ್ತೀನಿ” ಅಂತ ಇಟ್ಟ. ಇನ್ನೂ ಮಾಡಿಲ್ಲ. ಮಾಡಲೇಬೇಕು ಅನ್ನೋ ಹಕ್ಕು ನನಗಿಲ್ಲ. ನಾನು ಕಾಯ್ತೀನಿ.

ಈ ವಾರ ಮೂರು ಕೆಲಸ ಮಾಡೋಣ. ಒಂದು, ನೆಪ ಹೇಳಿ ಬಿಟ್ಟುಹೋದ ಒಬ್ಬರ ಹೆಸರನ್ನು ದೇವರ ಮುಂದೆ ಹೇಳಿ, ಆಮೇಲೆ ಅವರಿಗೇ ನಿಜ ಹೇಳಿ. ಎರಡು, ಈಗಾಗಲೇ ಕೊಟ್ಟ ಒಂದು ಮಾತನ್ನು, ಅದಕ್ಕಿಂತ ಚೆಂದದ ಆಮಂತ್ರಣ ಬಂದರೂ ಉಳಿಸಿಕೊಳ್ಳಿ. ಮೂರು, ಕಾಲೇಜಲ್ಲಿ, ಆಫೀಸಲ್ಲಿ ಒಬ್ಬರೇ ಕೂತು ಊಟ ಮಾಡುವವರ ಪಕ್ಕದಲ್ಲಿ ಹೋಗಿ ಕೂತುಕೊಳ್ಳಿ.

ಎದ್ದು ನಿಲ್ಲೋಣ. ಕಣ್ಣು ಮುಚ್ಚಿ. ಕರ್ತನೇ, ಜನರ ಕಣ್ಣಿಗೆ ದೊಡ್ಡವರಾಗೋಕೆ ನಾವು ಚಿಕ್ಕವರನ್ನು ಬಿಟ್ಟುಹೋಗಿದ್ದೇವೆ. ನಮ್ಮ ಹೌದು ಹೌದಾಗಿರಲಿ. ಹೇಳಬೇಕಾದ ಸತ್ಯ ಹೇಳೋಕೆ ಈ ಮಕ್ಕಳಿಗೆ ಧೈರ್ಯ ಕೊಡು. ಯಾರೋ ಮಾತು ಮುರಿದು ನೋವು ತಿಂದವರು ಇಲ್ಲಿದ್ದರೆ ಅವರನ್ನು ಮುಟ್ಟು. ಮಾತು ತಪ್ಪದ ಯೇಸುವಿನ ನಾಮದಲ್ಲಿ ಬೇಡುತ್ತೇವೆ, ತಂದೆಯೇ. ಆಮೆನ್.