ಕಿಡಿಯ ದಾರಿ: ಕೊಪ್ಪಳ ಸೀಮೆಯ ಹಳೆಯ ಪೆಟ್ರೋಲ್ ಗಾಡಿಗಳಲ್ಲಿ ಪ್ಲಗ್ ವೈರ್ ಮತ್ತು ಡಿಸ್ಟ್ರಿಬ್ಯೂಟರ್ ಬದಲಾವಣೆ

ಕೊಪ್ಪಳ, ಗಂಗಾವತಿ, ಕುಷ್ಟಗಿ ಮತ್ತು ಯಲಬುರ್ಗಾದ ಗ್ಯಾರೇಜುಗಳಿಗೆ ಇಂದು ದುರಸ್ತಿಗೆ ಬರುವ ಲಾರಿ, ಟ್ರ್ಯಾಕ್ಟರುಗಳು ಬಹುಪಾಲು ಡೀಸೆಲ್ ಎಂಜಿನ್ನಿನವು. ಒತ್ತಡಕ್ಕೆ ಸಿಕ್ಕ ಗಾಳಿಯ ಶಾಖದಿಂದಲೇ ಇಂಧನ ಹೊತ್ತಿಕೊಳ್ಳುವ ಆ ಎಂಜಿನ್ನುಗಳಿಗೆ ಕಿಡಿಯಾಗಲಿ ಅದನ್ನು ಹೊತ್ತೊಯ್ಯುವ ವೈರುಗಳಾಗಲಿ ಬೇಕಿಲ್ಲದ ಕಾರಣ, ಪೆಟ್ರೋಲ್ ಗಾಡಿಯ ಕಿಡಿಯ ವಿದ್ಯೆಯು ಹಿರಿಯ ಮೇಸ್ತ್ರಿಗಳ ಕೈಯಲ್ಲಷ್ಟೇ ಉಳಿದುಕೊಂಡಿದೆ. ಆದರೂ 1947ರಲ್ಲಿ ಮುಂಬಯಿಯಲ್ಲಿ ವಿಲ್ಲಿಸ್ ಜೀಪುಗಳ ಜೋಡಣೆಯನ್ನು ಆರಂಭಿಸಿದ ಮಹೀಂದ್ರ ಸಂಸ್ಥೆಯ, ನಾಲ್ಕು ಸಿಲಿಂಡರಿನ ಹರಿಕೇನ್ ಎಂಜಿನ್ ಹೊತ್ತ ಪೆಟ್ರೋಲ್ ಜೀಪುಗಳೂ, ಅದೇ ಎಂಜಿನ್ನಿನ ಎಫ್‌ಸಿ ಸರಣಿಯ ಸಣ್ಣ ಟ್ರಕ್ಕುಗಳೂ ಡೀಸೆಲ್‌ಗೆ ಪರಿವರ್ತನೆಯಾಗದೆ ಉಳಿದಿರುವ ಕಡೆಗಳಲ್ಲಿ, ಈ ವಿದ್ಯೆಯ ಅಗತ್ಯ ತಪ್ಪಿಲ್ಲ. ಅಂತಹ ಗಾಡಿಗಳ ದುರಸ್ತಿಯ ಅನುಭವದಿಂದ ಖಚಿತವಾಗಿ ಹೇಳಬಹುದಾದುದೆಂದರೆ, ಎಲ್ಲ ಭಾಗಗಳನ್ನೂ ಒಮ್ಮೆಗೇ ಕಿತ್ತು ಹೊಸದನ್ನು ಹಾಕುವವನಿಗಿಂತ, ಕಿತ್ತ ಪ್ರತಿಯೊಂದು ಭಾಗವನ್ನೂ ಬೆಳಕಿಗೆ ಹಿಡಿದು ಪರೀಕ್ಷಿಸಿದ ಮೇಲೆ ಮುಂದಿನದಕ್ಕೆ ಕೈಹಾಕುವವನಿಗೆ ದೋಷದ ಮೂಲ ಬೇಗ ಸಿಗುತ್ತದೆ.

ಬ್ಯಾಟರಿಯ 12 ವೋಲ್ಟ್ ವಿದ್ಯುತ್ತು ಪ್ಲಗ್ಗಿನ ಸಂದಿಯನ್ನು ದಾಟಲಾರದಾದ್ದರಿಂದ ಅದನ್ನು ಹಲವು ಸಾವಿರ ವೋಲ್ಟಿಗೆ ಏರಿಸುವ ಕೆಲಸವನ್ನು ಇಗ್ನಿಷನ್ ಕಾಯಿಲ್ ಮಾಡುತ್ತದೆ. ಕಾಯಿಲ್ಲಿನ ಪ್ರಾಥಮಿಕ ಸುತ್ತಿನಲ್ಲಿ ಹರಿಯುವ ವಿದ್ಯುತ್ತನ್ನು ತಕ್ಕ ಕ್ಷಣದಲ್ಲಿ ಕಡಿದುಹಾಕುವ ಸಣ್ಣ ಸ್ವಿಚ್ಚನ್ನು ಪಾಯಿಂಟ್ ಎನ್ನುತ್ತಾರೆ. ಪಾಯಿಂಟ್ ತೆರೆಯುವಾಗ ಅದರ ಬಾಯಲ್ಲೇ ಕಿಡಿ ಸಿಡಿದು ಸುಡದಂತೆ ತಡೆಯುವುದು ಕಂಡೆನ್ಸರ್. ಹೀಗೆ ಹುಟ್ಟಿದ ಹೆಚ್ಚೊತ್ತಡದ ವಿದ್ಯುತ್ತನ್ನು ತಿರುಗುವ ರೋಟರ್ ಒಂದೊಂದು ಸಿಲಿಂಡರಿನ ವೈರಿಗೆ ಸರದಿಯಂತೆ ಹಂಚುತ್ತದೆ. ಪಾಯಿಂಟ್, ಕಂಡೆನ್ಸರ್, ರೋಟರುಗಳನ್ನು ಒಳಗೊಂಡ, ಗ್ಯಾರೇಜುಗಳಲ್ಲಿ ಡೆಲ್ಕೊ ಎಂದು ಕರೆಯಲಾಗುವ ಭಾಗವೇ ಡಿಸ್ಟ್ರಿಬ್ಯೂಟರ್. ಎಂಜಿನ್ ನಿಮಿಷಕ್ಕೆ 2000 ಸುತ್ತು ತಿರುಗುವಾಗ ಈ ಪುಟ್ಟ ಡಬ್ಬಿಯು ನಿಮಿಷಕ್ಕೆ 4000 ಕಿಡಿಗಳನ್ನು ಹಂಚಬೇಕಾಗುತ್ತದೆ ಎಂಬುದನ್ನು ನೆನೆದರೆ, ಕೂದಲೆಳೆಯಷ್ಟು ಬಿರುಕು ಅಥವಾ ತೆಳ್ಳನೆಯ ಧೂಳು ಸಾಕು ಎಂಜಿನ್ ಮಿಸ್ಸಿಂಗ್ ಹೊಡೆಯಲು ಎಂಬುದು ಆಶ್ಚರ್ಯವೆನಿಸುವುದಿಲ್ಲ.

ವೈರುಗಳನ್ನು ಒಂದೊಂದಾಗಿಯೇ ಬದಲಿಸಬೇಕೆಂಬ ನಿಯಮಕ್ಕೆ ಈ ಎಂಜಿನ್ನಿನ ರಚನೆಯಲ್ಲೇ ಕಾರಣವಿದೆ. ಹರಿಕೇನ್ ಎಂಜಿನ್ನಿನ ಕಿಡಿಯ ಸರದಿ 1-3-4-2 ಎಂದು ಕೈಪಿಡಿ ಹೇಳುವುದು ನಿಜವಾದರೂ, ಡಿಸ್ಟ್ರಿಬ್ಯೂಟರಿನ ಮುಚ್ಚಳವಾದ ಕ್ಯಾಪಿನ ಯಾವ ಗುಂಡಿಯಿಂದ ಆ ಸರದಿ ಆರಂಭವಾಗಬೇಕೆಂಬುದು ಡಿಸ್ಟ್ರಿಬ್ಯೂಟರ್ ಶಾಫ್ಟ್ ಕೂತಿರುವ ಬಗೆಯನ್ನು ಅವಲಂಬಿಸಿರುತ್ತದೆ. ಆ ಶಾಫ್ಟ್ ಆಯಿಲ್ ಪಂಪಿನ ಮೂಲಕವೇ ತಿರುಗುವುದರಿಂದ, ಹಿಂದೆ ಯಾರೋ ಪಂಪನ್ನು ಬಿಚ್ಚಿ ಮರಳಿ ಕೂರಿಸುವಾಗ ಹಲ್ಲುಗಳನ್ನು ಬೇರೆ ಜಾಗಕ್ಕೆ ಹೊಂದಿಸಿ, ಅದಕ್ಕೆ ತಕ್ಕಂತೆ ವೈರುಗಳನ್ನು ಸರಿಸಿಟ್ಟು ಗಾಡಿಯನ್ನು ಓಡಿಸಿರಬಹುದು. ದಶಕಗಳಿಂದ ಹತ್ತಾರು ಕೈ ದಾಟಿ ಬಂದ ಗಾಡಿಯಲ್ಲಿ ಕೈಪಿಡಿಯ ಚಿತ್ರವನ್ನು ನಂಬಿ ನಾಲ್ಕೂ ವೈರುಗಳನ್ನು ಒಮ್ಮೆಗೇ ಕಿತ್ತರೆ, ಓಡುತ್ತಿದ್ದ ಎಂಜಿನ್ ಮತ್ತೆ ಚಾಲೂ ಆಗದೆ, ಮೊದಲ ಸಿಲಿಂಡರನ್ನು ಒತ್ತಡದ ಹೊಡೆತದ ತುದಿಗೆ ತಂದು ಎಲ್ಲವನ್ನೂ ಮೊದಲಿನಿಂದ ಗುರುತಿಸುವ ಪಾಡು ಬರುತ್ತದೆ. ಹಳೆಯ ವೈರನ್ನು ಎಳೆಯುವಾಗಲೂ ತುದಿಯ ರಬ್ಬರ್ ಟೋಪಿಯನ್ನು ಹಿಡಿದು ತುಸು ತಿರುಗಿಸಿ ಎಳೆಯಬೇಕೇ ಹೊರತು ವೈರನ್ನೇ ಜಗ್ಗಬಾರದು.

ವೈರುಗಳು ಹಾದುಹೋಗುವ ದಾರಿಯ ಕಡೆಗೆ ಸಾಮಾನ್ಯವಾಗಿ ಯಾರ ಲಕ್ಷ್ಯವೂ ಹೋಗುವುದಿಲ್ಲ. ಮೂರು ಮತ್ತು ನಾಲ್ಕನೆಯ ಸಿಲಿಂಡರುಗಳು ಅಕ್ಕಪಕ್ಕದಲ್ಲಿದ್ದು ಒಂದರ ಬೆನ್ನಿಗೆ ಒಂದು ಕಿಡಿ ಪಡೆಯುವುದರಿಂದ, ಅವುಗಳ ವೈರುಗಳನ್ನು ಒಟ್ಟಿಗೆ ಕಟ್ಟಿದರೆ ಮೂರನೆಯದರ ಮಿಡಿತವು ನಾಲ್ಕನೆಯದರಲ್ಲೂ ವಿದ್ಯುತ್ತನ್ನು ಪ್ರೇರೇಪಿಸಿ, ಇನ್ನೂ ಒತ್ತಡಕ್ಕೆ ಸಿಗುತ್ತಿರುವ ಮಿಶ್ರಣವನ್ನು ಅಕಾಲದಲ್ಲಿ ಹೊತ್ತಿಸಬಹುದು. ಎರಡು ಮತ್ತು ಒಂದನೆಯ ವೈರುಗಳಿಗೂ ಇದೇ ಮಾತು ಅನ್ವಯಿಸುತ್ತದೆ. ನೋಟಕ್ಕೆ ಅಚ್ಚುಕಟ್ಟಾಗಿ ಕಾಣಲೆಂದು ನಾಲ್ಕನ್ನೂ ಒಂದೇ ಟೇಪಿನಲ್ಲಿ ಸುತ್ತುವ ರೂಢಿಯನ್ನು ಈ ಕಾರಣಕ್ಕಾಗಿ ಬಿಡಲೇಬೇಕು.

ದೋಷದ ಬಗೆಯನ್ನು ನೆಲವೂ ನಿರ್ಧರಿಸುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರುಂಡು ಭತ್ತ ಬೆಳೆಯುವ ಗಂಗಾವತಿಯ ಬಯಲಿನಲ್ಲಿ ನಸುಕಿನ ತೇವವು ಕ್ಯಾಪಿನ ಒಳಮೈಗೆ ಕೂತು, ಗುಂಡಿಯಿಂದ ಗುಂಡಿಗೆ ವಿದ್ಯುತ್ತು ಸೋರಲು ದಾರಿ ಮಾಡುತ್ತದೆ. ಸೋರಿದ ಕಡೆಯಲ್ಲೆಲ್ಲ ಕರಿಗೆರೆ ಸುಟ್ಟು ಮೂಡಿ, ಒಮ್ಮೆ ಮೂಡಿದ ಗೆರೆ ಒರೆಸಿದರೂ ಹೋಗದ ಕಾರಣ ಕ್ಯಾಪನ್ನೇ ಬದಲಿಸಬೇಕಾಗುತ್ತದೆ. ಇದಲ್ಲದೆ ಭತ್ತದ ಚೀಲಗಳ ನಡುವೆ ನಿಲ್ಲಿಸಿದ ಗಾಡಿಯ ವೈರುಗಳನ್ನು ಇಲಿಗಳು ಕಡಿಯುವುದೂ ಉಂಟು. ಮಳೆಯನ್ನೇ ನೆಚ್ಚಿದ ಕುಷ್ಟಗಿ, ಯಲಬುರ್ಗಾ ಕಡೆಯ ತೊಂದರೆ ಬೇರೆ ಬಗೆಯದು: ಎರೆಹೊಲದ ದಾರಿಗಳ ನುಣುಪಾದ ಧೂಳು ಕ್ಯಾಪಿನ ಗಾಳಿಕಿಂಡಿಯಿಂದ ಒಳಹೊಕ್ಕು, ವೇಗಕ್ಕೆ ತಕ್ಕಂತೆ ಕಿಡಿಯನ್ನು ಮುಂಚಿತಗೊಳಿಸುವ ತೂಕದ ತುಂಡುಗಳ ಎಣ್ಣೆಗೆ ಬೆರೆತು ಗಟ್ಟಿಯಾಗುತ್ತದೆ. ಅಂತಹ ಗಾಡಿ ನಿಂತಲ್ಲಿ ಚೆನ್ನಾಗಿಯೇ ನಡೆದು, ಹೇರು ಹೊತ್ತು ವೇಗ ಹಿಡಿಯುವಾಗ ಮಾತ್ರ ಬಳಲುವುದರಿಂದ, ದೋಷವನ್ನು ಕಾರ್ಬ್ಯುರೇಟರಿನಲ್ಲಿ ಹುಡುಕುವವರೇ ಹೆಚ್ಚು.

ಪಾಯಿಂಟಿನ ಅಂತರವನ್ನು ಹೊಂದಿಸುವುದು ಈ ಇಡೀ ಕೆಲಸದ ತಿರುಳು. ಹರಿಕೇನ್ ಎಂಜಿನ್ನಿಗೆ ಇದು 0.020 ಅಂಗುಲ, ಅಂದರೆ ಸುಮಾರು ಅರ್ಧ ಮಿಲಿಮೀಟರ್. ಪ್ಲಗ್ಗಿನ ಅಂತರ 0.030 ಅಂಗುಲ. ಪಾಯಿಂಟನ್ನು ತೆರೆಯುವ ಕ್ಯಾಮಿಗೆ ತಾಗಿಕೊಂಡಿರುವ ಫೈಬರ್ ಹಿಮ್ಮಡಿ ಸವೆದಂತೆ ಅಂತರ ಕಿರಿದಾಗಿ ಕಿಡಿ ತಡವಾಗುತ್ತದೆ, ಅಂತರ ಹಿಗ್ಗಿಸಿದರೆ ಕಿಡಿ ಮುಂಚಿತವಾಗುತ್ತದೆ. ಆದ್ದರಿಂದ ಮೊದಲು ಅಂತರವನ್ನು ಹೊಂದಿಸಿ ಆಮೇಲೆ ಟೈಮಿಂಗ್ ನೋಡಬೇಕೇ ವಿನಾ ತಿರುವುಮುರುವು ಮಾಡಬಾರದು. ಕ್ಯಾಮಿಗೆ ಗ್ರೀಸ್ ತೀರ ತೆಳ್ಳಗೆ ಸವರಿದರೆ ಸಾಕು, ಹೆಚ್ಚಾದುದು ಕರಗಿ ಪಾಯಿಂಟಿಗೆ ಸಿಡಿದು ಸುಡುತ್ತದೆ. ಬೇಸಿಗೆಯಲ್ಲಿ ಬಿಸಿಲೇ 40 ಡಿಗ್ರಿ ದಾಟುವ ಈ ಸೀಮೆಯಲ್ಲಿ ಅದು ಕರಗಲು ಹೊತ್ತು ಹಿಡಿಯುವುದಿಲ್ಲ.

ಬಿಚ್ಚಿದ ಪಾಯಿಂಟಿನ ಮುಖವು ಕಂಡೆನ್ಸರಿನ ಸ್ಥಿತಿಯನ್ನೂ ತಿಳಿಸುತ್ತದೆ. ಎರಡು ಮುಖಗಳೂ ಸಮವಾಗಿ ಬೂದುಬಣ್ಣಕ್ಕೆ ತಿರುಗಿದ್ದರೆ ಕಂಡೆನ್ಸರ್ ತಕ್ಕದ್ದಿದೆ ಎಂದೂ, ಒಂದರಲ್ಲಿ ಗುಳಿ ಬಿದ್ದು ಇನ್ನೊಂದರಲ್ಲಿ ದಿಬ್ಬ ಎದ್ದಿದ್ದರೆ ಅದರ ಧಾರಣಶಕ್ತಿ ಹೊಂದಿಕೆಯಾಗಿಲ್ಲವೆಂದೂ ತಿಳಿಯಬೇಕು. ಹಾಗಿರುವಾಗ ಪಾಯಿಂಟನ್ನಷ್ಟೇ ಬದಲಿಸಿದರೆ ಹೊಸದಕ್ಕೂ ಅದೇ ಗತಿ. ರೋಟರಿನ ಹಿತ್ತಾಳೆಯ ತುದಿ, ಕ್ಯಾಪಿನ ನಡುವೆ ಸ್ಪ್ರಿಂಗಿನ ಮೇಲೆ ಆಡುವ ಪುಟ್ಟ ಇದ್ದಿಲ ಕಡ್ಡಿ, ಇವೆರಡನ್ನೂ ಬೆರಳಿನಿಂದ ಮುಟ್ಟಿಯೇ ನೋಡಬೇಕು.

ಜೋಡಣೆ ಮುಗಿದ ಮೇಲೆ ಪರೀಕ್ಷೆಗೆ ಕತ್ತಲೆ ಒಳ್ಳೆಯದು. ಬಾನೆಟ್ ಎತ್ತಿ ಎಂಜಿನ್ ಚಾಲೂ ಇಟ್ಟರೆ, ಹೊದಿಕೆ ಬಿರಿದ ವೈರಿನಿಂದ ಲೋಹಕ್ಕೆ ಹಾರುವ ನೀಲಿ ಕಿಡಿ ಹಗಲಿನಲ್ಲಿ ಕಾಣದ್ದು ಆಗ ಎದ್ದು ಕಾಣುತ್ತದೆ. ಚಾಲನೆಯಲ್ಲಿರುವಾಗ ವೈರನ್ನು ಕೈಯಿಂದ ಮುಟ್ಟಕೂಡದು. ಹೊಸ ಕಂಡೆನ್ಸರುಗಳಲ್ಲೂ ಕೆಟ್ಟವು ಸಿಗುವುದರಿಂದ, ಪರೀಕ್ಷೆಯಲ್ಲಿ ಸರಿ ಎಂದು ತಿಳಿದ ಹಳೆಯದನ್ನು ಎಸೆಯದೆ ಸ್ಕ್ರೂಡ್ರೈವರ್ ಮತ್ತು ಫೀಲರ್ ಗೇಜಿನ ಜೊತೆಗೆ ಗಾಡಿಯಲ್ಲೇ ಇಟ್ಟುಕೊಳ್ಳುವುದು ಲೇಸು. ಹನುಮಸಾಗರ ಅಥವಾ ಕನಕಗಿರಿಯ ದಾರಿಯಲ್ಲಿ ಸಂಜೆ ಎಂಜಿನ್ ನಿಂತುಹೋದಾಗ ಪೆಟ್ರೋಲ್ ಗಾಡಿಯ ಕಂಡೆನ್ಸರ್ ಸಮೀಪದ ಅಂಗಡಿಗಳಲ್ಲಿ ದೊರೆಯುವ ಸಂಭವ ಕಡಿಮೆ.